ಒಗಟಿನ ಕಾಯಕವೂ ಸತ್ಯಶುದ್ಧಿಯೂ

ಶರಣರು ಕಾಯಕಗಳಲ್ಲಿ ಮೇಲು ಕೀಳೆಂಬ ಭೇದವನ್ನು ಎಣಿಸಲಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯ, ಬುಟ್ಟಿ ಹೆಣೆದ ಮೇದರ ಕೇತಯ್ಯ, ಕಟ್ಟಿಗೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯ, ನೂಲು ತೆಗೆದ ಕದಿರ ರೆಮ್ಮವ್ವೆ ಇವರೆಲ್ಲರೂ ಒಂದೇ ಗೌರವಕ್ಕೆ ಪಾತ್ರರಾದವರು. ಆದರೆ ಇವರ ದುಡಿಮೆಯ ಉಪಯೋಗವನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ಹಗ್ಗದಿಂದ ನೀರು ಸೇದಬೇಕು, ಬುಟ್ಟಿಯಲ್ಲಿ ಕಾಳು ತುಂಬಬೇಕು, ಕಟ್ಟಿಗೆಯಿಂದ ಒಲೆ ಉರಿಯಬೇಕು, ನೂಲಿನಿಂದ ಮೈ ಮುಚ್ಚಬೇಕು. ಹಸಿವನ್ನಾಗಲಿ ಚಳಿಯನ್ನಾಗಲಿ ನೀಗದ, ಕೇವಲ ವಿನೋದಕ್ಕೆಂದೇ ಹುಟ್ಟಿದ ವಸ್ತುವೊಂದನ್ನು ಮಾಡಿ ಮಾರಿ ಜೀವಿಸುವುದು ಕಾಯಕವೆನಿಸೀತೆ? ಎನಿಸುವುದಾದರೆ ಯಾವ ನಿಬಂಧನೆಯ ಮೇಲೆ? ಮನೆಯಲ್ಲಿಯೇ ಚಿಕ್ಕದೊಂದು ಉದ್ಯೋಗವನ್ನು ತೊಡಗಬೇಕೆಂದು ಬಯಸುವ ಗೃಹಸ್ಥರು ಇಂದು ಅನೇಕರಿರುವುದರಿಂದ ಈ ಪ್ರಶ್ನೆಯು ವಿಚಾರಯೋಗ್ಯವಾಗಿದೆ.

ನಿದರ್ಶನಕ್ಕಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಗದಗಿನಂತಹ ಊರು. ಗಂಡನು ಮರಗೆಲಸವನ್ನು ಬಲ್ಲವನು. ಇದ್ದ ನೌಕರಿ ಹೋಗಿದೆ. ಹೆಂಡತಿಯು ಲೆಕ್ಕಪತ್ರದಲ್ಲಿ ಜಾಣೆ. ಅವರಿಬ್ಬರೂ ಚಿತ್ರದೊಗಟುಗಳನ್ನು ಮಾಡಿ ಮಾರಲು ನಿಶ್ಚಯಿಸುತ್ತಾರೆ. ಪೇಟೆಯಲ್ಲಿ ಜಿಗ್‌ಸಾ ಪಜಲ್ ಎಂದು ಕರೆಯುವ ವಸ್ತುವೇ ಇದು. ಚಿತ್ರವೊಂದನ್ನು ತೆಳುವಾದ ಪ್ಲೈವುಡ್ ಹಲಗೆಗೆ ಅಂಟಿಸಿ, ದಾರದಂತಹ ಸಣ್ಣ ಅಲಗಿನ ಗರಗಸದಿಂದ ಅಂಕುಡೊಂಕಾಗಿ ಕೊಯ್ದು, ನೂರಾರು ತುಣುಕುಗಳನ್ನಾಗಿ ಮಾಡಿ ಪೆಟ್ಟಿಗೆಗೆ ತುಂಬುವರು. ಕೊಂಡವರು ಅವನ್ನು ಮತ್ತೆ ಕೂಡಿಸಿ ಚಿತ್ರವನ್ನು ಪಡೆಯಬೇಕು. ಈ ದಂಪತಿಗಳು ಮಾಡುವುದು ಅಂಗಡಿಯಲ್ಲಿ ರಾಶಿ ಬಿದ್ದಿರುವ ರಟ್ಟಿನ ಒಗಟುಗಳನ್ನಲ್ಲ, ಗಿರಾಕಿಯು ತಂದುಕೊಟ್ಟ ಚಿತ್ರದಿಂದ ಅವನೊಬ್ಬನಿಗಾಗಿಯೇ ಕೊಯ್ದ ಒಗಟನ್ನು. ಮಗಳ ಮದುವೆಯ ಭಾವಚಿತ್ರ, ಬಿದ್ದುಹೋದ ಹಿರಿಯರ ಮನೆಯ ಚಿತ್ರ, ಮೊಮ್ಮಗನ ಹೆಸರಿನ ಅಕ್ಷರಗಳ ಆಕಾರದಲ್ಲಿ ಕೊಯ್ದ ತುಣುಕುಗಳು, ಇಂತಹವೇ ಅವರ ಸರಕು.

ವಿನೋದದ ವಸ್ತುವೆಂಬ ಕಾರಣದಿಂದಲೇ ಇದನ್ನು ಕಾಯಕದ ಮೇರೆಯಿಂದ ಹೊರಗಿಡಲಾಗದು. ಜನರನ್ನು ನಗಿಸುವುದನ್ನೇ ಕಾಯಕವಾಗಿಸಿಕೊಂಡ ನಗೆಯ ಮಾರಿತಂದೆಯೂ, ವೇಷಗಳನ್ನು ಧರಿಸಿ ಆಡಿದ ಬಹುರೂಪಿ ಚೌಡಯ್ಯನೂ ಶರಣರೊಳಗೆ ಸಲ್ಲುವವರೇ. ದಣಿದ ಮನಸ್ಸಿಗೆ ನಗೆಯೂ ಒಂದು ಅನ್ನವೆಂಬುದನ್ನು ಕಲ್ಯಾಣವು ಬಲ್ಲದಾಗಿತ್ತು. ಇನ್ನು ಒಗಟೆಂಬುದಂತೂ ವಚನವಾಙ್ಮಯಕ್ಕೆ ಹೊರಗಿನದಲ್ಲ. ಅಲ್ಲಮಪ್ರಭುವೇ ಮೊದಲಾದವರ ಬೆಡಗಿನ ವಚನಗಳಲ್ಲಿ ಅರ್ಥವು ಮರೆಯಲ್ಲಿ ಕುಳಿತಿರುತ್ತದೆ. ಓದುವವನು ತಾನೇ ಬಿಡಿಸಿಕೊಳ್ಳಬೇಕು. ಬಿಡಿಸುವ ಶ್ರಮದಲ್ಲಿಯೇ ಅವನ ಬುದ್ಧಿಯು ಹದಗೊಳ್ಳುವುದು. ಮನೆಮಂದಿಯೆಲ್ಲ ಒಂದು ಜಮಖಾನೆಯ ಮೇಲೆ ಕುಳಿತು, ಅಜ್ಜನು ಅಂಚನ್ನೂ ಮೊಮ್ಮಗಳು ನಡುವನ್ನೂ ಕೂಡಿಸುತ್ತ ಒಂದು ಸಂಜೆಯನ್ನು ಕಳೆಯುವುದಾದರೆ, ಅಂತಹ ಸಂಜೆಯನ್ನು ಒದಗಿಸಿದವನ ದುಡಿಮೆಯು ವ್ಯರ್ಥವಾದುದೆಂದು ಹೇಳಲು ಬಾರದು.

ಆದರೆ ಈ ವ್ಯಾಪಾರದಲ್ಲಿ ಒಂದು ವೈಚಿತ್ರ್ಯವುಂಟು. ಉಳಿದ ವ್ಯಾಪಾರಿಗಳು ಸೌಕರ್ಯವನ್ನು ಮಾರಿದರೆ ಇವನು ತೊಡಕನ್ನು ಮಾರುತ್ತಾನೆ. ಇದ್ದ ಚಿತ್ರವನ್ನು ಚೂರುಮಾಡಿ, ಆಕಾಶದ ನೀಲಿಯನ್ನು ಕೆರೆಯ ನೀಲಿಯೊಡನೆ ಬೇಕೆಂದೇ ಬೆರೆಸಿ, ಕಣ್ಣನ್ನು ತಪ್ಪುದಾರಿಗೆಳೆಯುತ್ತಾನೆ. ಹಾಗಾದರೆ ಇವನಿಗೂ ವಂಚಕನಿಗೂ ಅಂತರವೇನು? ಅಂತರವು ಒಂದೇ ಒಂದು ಮಾತಿನಲ್ಲಿದೆ. ‘ಇದು ಕೂಡುತ್ತದೆ’ ಎಂಬ ವಾಗ್ದಾನವನ್ನು ಒಗಟಿನವನು ಪೆಟ್ಟಿಗೆಯೊಡನೆ ಕೊಟ್ಟಿರುತ್ತಾನೆ. ವಂಚಕನ ತೊಡಕಿಗೆ ಕೊನೆಯಿಲ್ಲ, ಒಗಟಿನ ತೊಡಕಿಗೆ ಕೊನೆಯುಂಟು. ಆ ವಾಗ್ದಾನವು ಇರುವವರೆಗೆ ತೊಡಕು ವಿನೋದವಾಗಿರುವುದು. ಅದು ತಪ್ಪಿದೊಡನೆ ಅದೇ ತೊಡಕು ಮೋಸವಾಗುವುದು.

ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ 1974ರಲ್ಲಿ ಆರಂಭವಾದ ಸ್ಟೇವ್ ಎಂಬ ಸಂಸ್ಥೆಯು ಮರದ ಒಗಟುಗಳಿಗೆ ಹೆಸರಾದುದು. ಗಿರಾಕಿಗಳನ್ನು ತಬ್ಬಿಬ್ಬುಗೊಳಿಸುವುದೇ ಅದರ ಖ್ಯಾತಿ. 1989ರಲ್ಲಿ ಅದರ ಸ್ಥಾಪಕನಾದ ಸ್ಟೀವ್ ರಿಚರ್ಡ್‌ಸನ್ ಏಪ್ರಿಲ್ ಒಂದರ ತಮಾಷೆಗೆಂದು ಐದೇ ತುಣುಕುಗಳ ಒಂದು ಒಗಟನ್ನು ಮಾರಿದನು. ಆ ಐದು ತುಣುಕುಗಳು ಯಾವ ಬಗೆಯಿಂದಲೂ ಕೂಡುವಂತಿರಲಿಲ್ಲ. ನೂರಾರು ತುಣುಕುಗಳ ಕಠಿನವಾದ ಒಗಟುಗಳನ್ನು ಸಂತೋಷದಿಂದ ಸಹಿಸುವ ಗಿರಾಕಿಗಳು ಈ ಐದು ತುಣುಕುಗಳಿಗೆ ಸಿಟ್ಟಾದರು, ಹಣವನ್ನು ಹಿಂದಿರುಗಿಸಬೇಕಾಯಿತು. ಹೆಚ್ಚು ಕಷ್ಟಪಡಿಸಿದುದು ಅಲ್ಲಿ ಅಪರಾಧವಾಗಲಿಲ್ಲ, ಕೂಡದುದನ್ನು ಕೂಡುವುದೆಂದು ಮಾರಿದುದೇ ಅಪರಾಧವಾಯಿತು. ನಗೆಗೂ ಒಂದು ಮೇರೆಯುಂಟೆಂಬುದಕ್ಕೆ ಇದು ನಿದರ್ಶನ.

ಈ ಕಸುಬಿನ ಚರಿತ್ರೆಯನ್ನು ನೋಡಿದರೂ ಅದರ ತಿರುಳು ಇದೇ ಎಂದು ತೋರುವುದು. 1760ರ ದಶಕದಲ್ಲಿ ಲಂಡನ್ನಿನ ನಕಾಶೆಗಾರನಾದ ಜಾನ್ ಸ್ಪಿಲ್ಸ್‌ಬರಿಯು ಭೂಪಟಗಳನ್ನು ಮರದ ಹಲಗೆಗಳಿಗೆ ಅಂಟಿಸಿ, ದೇಶದೇಶಗಳ ಗಡಿಯನ್ನನುಸರಿಸಿ ಕೊಯ್ದು, ಮಕ್ಕಳಿಗೆ ಭೂಗೋಳವನ್ನು ಕಲಿಸಲೆಂದು ಮಾರಿದನು. ಮುಂದೆ 1929ರ ಬಳಿಕ ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ಬಂದಾಗ, ಕೆಲಸ ಕಳೆದುಕೊಂಡ ಅನೇಕ ಬಡಗಿಗಳೂ ಕುಶಲಕರ್ಮಿಗಳೂ ಮನೆಯಲ್ಲಿಯೇ ಗರಗಸವನ್ನಿಟ್ಟು ಒಗಟುಗಳನ್ನು ಕೊಯ್ದು ಹೊಟ್ಟೆ ಹೊರೆದರು. 1932ರಲ್ಲಿ ಫ್ರ್ಯಾಂಕ್ ವೇರ್ ಮತ್ತು ಜಾನ್ ಹೆನ್ರಿಕ್ಸ್ ಎಂಬ ಇಬ್ಬರು ಯುವಕರು ಊಟದ ಮೇಜಿನ ಮೇಲೆ ಆರಂಭಿಸಿದ ಈ ಕೆಲಸವು ಪಾರ್ ಎಂಬ ಹೆಸರಿನಿಂದ ಬೆಳೆಯಿತು. ಕೊಳ್ಳುವವರ ಹೆಸರು, ಜನ್ಮದಿನ ಮೊದಲಾದುವನ್ನು ತುಣುಕುಗಳ ಆಕಾರದಲ್ಲಿಯೇ ಅಡಗಿಸಿಕೊಡುವುದು ಅವರ ವಿಶೇಷ. ಅದೇ ಕಾಲದಲ್ಲಿ ಯಂತ್ರದಿಂದ ಒತ್ತಿ ಕತ್ತರಿಸಿದ ರಟ್ಟಿನ ಒಗಟುಗಳು 25 ಸೆಂಟಿಗೆ ಒಂದರಂತೆ ಲಕ್ಷಗಟ್ಟಲೆ ಬಿಕರಿಯಾಗುತ್ತಿದ್ದವು. ಬೆಲೆಯಲ್ಲಿ ಯಂತ್ರದೊಡನೆ ಸೆಣಸಲಾರದ ಕೈಗೆಲಸವು, ಯಂತ್ರಕ್ಕೆ ಗೊತ್ತಿಲ್ಲದ ಒಂದನ್ನು ಗಿರಾಕಿಗೆ ಕೊಟ್ಟು ಬದುಕಿತು. ಈ ವಸ್ತುವನ್ನು ನಿನಗಾಗಿಯೇ ಒಬ್ಬ ಮನುಷ್ಯನು ಎಚ್ಚರದಿಂದ ಮಾಡಿದ್ದಾನೆ ಎಂಬ ನಂಬಿಕೆಯೇ ಅದು.

ಆದುದರಿಂದ ಈ ವ್ಯಾಪಾರದ ಮೂಲಧನವು ಗರಗಸವಲ್ಲ, ನಂಬಿಕೆ. ಹಗ್ಗವು ಗಟ್ಟಿಯೋ ಅಲ್ಲವೋ ಎಂಬುದು ಮೊದಲ ಕೊಡ ಸೇದಿದಾಗಲೇ ತಿಳಿಯುವುದು. ಬುಟ್ಟಿಯ ತೂತು ಕಾಳು ತುಂಬಿದೊಡನೆ ಕಾಣುವುದು. ಚಿತ್ರದೊಗಟಿನ ಕೊರತೆಯಾದರೋ ಎಲ್ಲ ಶ್ರಮವೂ ಮುಗಿದ ಮೇಲೆ, ಕೊನೆಯ ಗಳಿಗೆಯಲ್ಲಿ ಮಾತ್ರ ಕಾಣುವಂಥದು. 299 ತುಣುಕುಗಳನ್ನು ಕೂಡಿಸಿದವನಿಗೆ ಮುನ್ನೂರನೆಯದು ಸಿಕ್ಕದಿದ್ದರೆ, ಅವನ ಕೈಯಲ್ಲಿ ಉಳಿಯುವುದು ಮುನ್ನೂರರಲ್ಲಿ ಒಂದು ಪಾಲಿನ ನಷ್ಟವಲ್ಲ, ಇಡೀ ಚಿತ್ರದ ನಡುವಿನ ಒಂದು ರಂಧ್ರ. ಆಗಲೂ ಅವನು ಮಾರಿದವನನ್ನು ದೂರಲಾರನು. ಮಗುವೇ ಎಲ್ಲಿಯೋ ಬೀಳಿಸಿರಬೇಕು, ಕಸದೊಡನೆ ಗುಡಿಸಿಹೋಗಿರಬೇಕು ಎಂದು ತನ್ನ ಮನೆಯವರನ್ನೇ ಗದರಿಸುವನು. ತಪ್ಪು ಒಬ್ಬನದು, ಗದರಿಕೆ ಇನ್ನೊಬ್ಬರಿಗೆ. ಮಾರಿದವನ ತಪ್ಪಿಗೆ ಲೋಕದಲ್ಲಿ ಸಾಕ್ಷಿಯೇ ಇರುವುದಿಲ್ಲ. ಸಾಕ್ಷಿಯಿಲ್ಲದ ಕಡೆಯಲ್ಲಿ ಮನುಷ್ಯನು ಹೇಗೆ ನಡೆಯುವನೆಂಬುದೇ ಸತ್ಯಶುದ್ಧ ಕಾಯಕದ ಒರೆಗಲ್ಲು.

ಗದಗಿನ ಆ ದಂಪತಿಗಳಿಗೂ ಈ ಒರೆಗಲ್ಲು ಎದುರಾಗುವ ದಿನ ಬಂದೀತು. ಮುದುಕರೊಬ್ಬರು ತೀರಿಹೋದ ತಮ್ಮ ಮಡದಿಯ ಚಿತ್ರವನ್ನು ಕೊಟ್ಟು, ಊರಿಗೆ ಬರುವ ಮಕ್ಕಳ ಮುಂದಿಡಲು ಮುನ್ನೂರು ತುಣುಕುಗಳ ಒಗಟೊಂದನ್ನು ಕೇಳಿದ್ದಾರೆ. ಬೆಳಗಾದರೆ ಕೊಡಬೇಕು. ರಾತ್ರಿ ಎಣಿಸುವಾಗ ಒಂದು ತುಣುಕು ಕಡಿಮೆ. ಮನೆಯೆಲ್ಲ ಹುಡುಕಿದರೂ ಇಲ್ಲ. ಕಳೆದ ತುಣುಕು ಮುಖದ್ದಲ್ಲ, ಹಿಂದಿನ ಗೋಡೆಯ ಒಂದು ಚೂರು. ಕೂಡಿಸಿದ ಚಿತ್ರದಲ್ಲಿ ಉಳಿದ ರಂಧ್ರದ ಅಂಚನ್ನು ಕಾಗದದ ಮೇಲೆ ಗೆರೆಯೆಳೆದುಕೊಂಡು, ಅದರಂತೆ ಬೇರೆ ಹಲಗೆಯಿಂದ ಹೊಸ ತುಣುಕನ್ನು ಕೊಯ್ಯಬಹುದು. ಆದರೆ ಅದು ಒಡಹುಟ್ಟಿದ ತುಣುಕಿನಂತೆ ಬಿಗಿಯಾಗಿ ಕೂರದು, ಮರದ ಎಳೆಯೂ ಹೊಂದದು. ಇಡೀ ಒಗಟನ್ನು ಮತ್ತೆ ಕೊಯ್ಯಬೇಕಾದರೆ ಇನ್ನೊಂದು ದಿನ ಬೇಕು. ಯಾರಿಗೂ ತಿಳಿಯದು, ಹೊಸ ತುಣುಕನ್ನು ಸೇರಿಸಿ ಕೊಟ್ಟುಬಿಡೋಣವೆಂದು ಗಂಡನಿಗೆ ತೋರುವುದು ಸಹಜ. ಇದ್ದ ವಿಷಯವನ್ನು ಹೇಳಿಯೇ ಕೊಡಬೇಕು, ಬೇಡವೆಂದರೆ ಹಣವನ್ನು ಹಿಂದಿರುಗಿಸಬೇಕೆಂದು ಹೆಂಡತಿಯು ಹಟ ಹಿಡಿಯುವಳು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪು ಆಗದಿರದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆಯು ಗಂಡನನ್ನು ಹಿಂದಕ್ಕೆ ಕಳುಹಿದಳೆಂದು ಶರಣಚರಿತ್ರೆಯು ಹೇಳುತ್ತದೆ. ಆ ಅಕ್ಕಿಯನ್ನು ಅಳೆಯುವವರು ಯಾರೂ ಇರಲಿಲ್ಲ. ಯಾರೂ ಅಳೆಯದ ಕಡೆಯಲ್ಲಿಯೇ ಲಕ್ಕಮ್ಮನು ಅಳೆದಳು. ಮನೆಯ ಉದ್ಯೋಗದಲ್ಲಿ ಗೃಹಿಣಿಯು ಕೇವಲ ಕೈಯಾಳಲ್ಲ, ಅದರ ಅಳತೆಗೋಲೂ ಆಗಬಲ್ಲಳೆಂಬುದನ್ನು ಆಕೆ ತೋರಿಸಿಕೊಟ್ಟಳು.

ಸತ್ಯವನ್ನು ಹೇಳಿದುದಕ್ಕೆ ಮುದುಕರು ಮೆಚ್ಚಿ ಇಮ್ಮಡಿ ಹಣ ಕೊಟ್ಟರೆಂದು ಕಥೆಯನ್ನು ಮುಗಿಸುವುದು ಸುಲಭ. ಬಾಳಿನಲ್ಲಿ ಹಾಗೆಯೇ ಆಗುವುದೆಂಬ ನಿಯಮವಿಲ್ಲ. ಅವರು ಬೇಸರದಿಂದ ಹಣವನ್ನು ಹಿಂದಕ್ಕೆ ಪಡೆದು ಹೋಗಲೂಬಹುದು, ಹೊತ್ತಿಗೆ ಕೊಡಲಾರದವರೆಂದು ನಾಲ್ವರಲ್ಲಿ ಆಡಲೂಬಹುದು. ಲಾಭವಾಗುವುದೆಂದು ಪಾಲಿಸಿದ ಸತ್ಯವು ವ್ಯಾಪಾರದ ಒಂದು ಉಪಾಯ ಮಾತ್ರ. ನಷ್ಟವಾದರೂ ಬಿಡದ ಸತ್ಯವೇ ಕಾಯಕದ ಸತ್ಯ. ಆ ರಾತ್ರಿಯ ನಷ್ಟವನ್ನು ಹೊತ್ತುಕೊಳ್ಳಬಲ್ಲ ಮನೆಗೆ ಈ ಕಸುಬು ಸಲ್ಲುವುದು, ಹೊರಲಾರದ ಮನೆಗೆ ಅದು ಬರಿಯ ಸಂಪಾದನೆಯಾಗಿ ಉಳಿಯುವುದು.

ಬೆಲೆಯ ವಿಷಯದಲ್ಲಿಯೂ ಇದೇ ವಿವೇಕವು ಬೇಕು. ಪಳಗಿದ ಕೈಯು ನಿಮಿಷಕ್ಕೊಂದು ತುಣುಕನ್ನು ಕೊಯ್ದರೂ ಮುನ್ನೂರು ತುಣುಕುಗಳಿಗೆ ಐದು ಗಂಟೆಯಾಗುವುದು. ಅಂಚು ಉಜ್ಜಿ, ಎಣಿಸಿ, ಪೆಟ್ಟಿಗೆಗೆ ತುಂಬಲು ಇನ್ನೊಂದು ಗಂಟೆ. ಹಲಗೆ, ಮುದ್ರಣ, ಅಂಟು, ಪೆಟ್ಟಿಗೆಗಳಿಗೆ 350 ರೂಪಾಯಿ, ಆರು ಗಂಟೆಯ ದುಡಿಮೆಗೆ 720, ಮುರಿಯುವ ಅಲಗು ಮತ್ತು ಕೆಟ್ಟುಹೋಗುವ ಕೆಲಸದ ಪಾಲು 130 ಎಂದಿಟ್ಟುಕೊಂಡರೆ ಒಟ್ಟು 1200 ರೂಪಾಯಿಯಾಗುವುದು. ಇದನ್ನು ಸಂಕೋಚವಿಲ್ಲದೆ ಕೇಳಬಹುದು. ಹೆಂಡತಿಯ ಹೊತ್ತಿಗೆ ಬೆಲೆಯಿಲ್ಲವೆಂದು ಭಾವಿಸಿ ಎಂಟುನೂರಕ್ಕೆ ಕೊಡುವುದು ಔದಾರ್ಯವಲ್ಲ, ಆಕೆಯ ಕೂಲಿಯನ್ನು ನುಂಗಿದಂತೆ. ಗಿರಾಕಿಯ ಕಣ್ಣಿನಲ್ಲಿ ನೀರು ಕಂಡು ಮೂರು ಸಾವಿರ ಕೇಳುವುದು ವ್ಯಾಪಾರವಲ್ಲ, ಅವನ ದುಃಖವನ್ನು ತೂಕಕ್ಕೆ ಹಾಕಿದಂತೆ.

ಪರರ ಸೊತ್ತಿನ ವಿಷಯದಲ್ಲಿ ಶರಣರ ಎಚ್ಚರವು ಪ್ರಸಿದ್ಧವಾದುದು. ಚಿತ್ರವೂ ಒಂದು ಸೊತ್ತೇ. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಕಲಾವಿದನ ಕೃತಿಗೆ ಅವನ ಜೀವಿತಕಾಲದಲ್ಲಿಯೂ ಅನಂತರ 60 ವರ್ಷಗಳವರೆಗೂ ರಕ್ಷಣೆಯುಂಟು. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮನ ಚಿತ್ರಗಳನ್ನು ಯಾರೂ ಬಳಸಬಹುದು. ಇಂದಿನ ಚಿತ್ರಗಾರನ ಕೃತಿಯನ್ನು ಅವನನ್ನು ಕೇಳದೆ ಕೊಯ್ದು ಮಾರುವುದು ಕಳವು. ಹಾಗೆಯೇ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿ.ಐ.ಎಸ್. ಗುರುತು ಕಡ್ಡಾಯವಾಗಿದೆ. ಕರಕುಶಲ ಇಲಾಖೆಯಲ್ಲಿ ನೋಂದಣಿಯಾದ ಕುಶಲಕರ್ಮಿಗಳು ಮಾಡಿ ಮಾರುವ ವಸ್ತುಗಳಿಗೆ ವಿನಾಯಿತಿಯನ್ನು ಕೊಡಲಾಗಿದೆ. ಆದರೆ ಚಿಕ್ಕ ತುಣುಕನ್ನು ನುಂಗುವ ಕೂಸಿಗೆ ವಿನಾಯಿತಿಯ ಮಾತು ತಿಳಿಯದು. ಮೂರು ವರ್ಷದೊಳಗಿನ ಮಗುವಿರುವ ಮನೆಗೆ ಸಣ್ಣ ತುಣುಕುಗಳ ಒಗಟನ್ನು ಎಚ್ಚರಿಕೆ ಹೇಳದೆ ಮಾರದಿರುವುದು ಕಾಯಿದೆಗಿಂತ ಹಿರಿದಾದ ಕರ್ತವ್ಯ.

ಕಾಯಕದ ಫಲವು ದಾಸೋಹದಲ್ಲಿ ಪೂರ್ಣವಾಗುವುದೆಂಬುದು ಶರಣಧರ್ಮದ ನಿಲುವು. ಅಮೆರಿಕದ ಆ ಮುಗ್ಗಟ್ಟಿನ ದಿನಗಳಲ್ಲಿ ಒಗಟುಗಳನ್ನು ಕೊಳ್ಳಲಾರದವರಿಗೆ ಅವನ್ನು ಪುಸ್ತಕಗಳಂತೆ ಕೆಲವೇ ಸೆಂಟುಗಳ ಬಾಡಿಗೆಗೆ ಕೊಡುವ ಏರ್ಪಾಡಿತ್ತು. ಗೃಹಸ್ಥನು ಬಾಡಿಗೆಯನ್ನೂ ಬೇಡದೆ ವರ್ಷಕ್ಕೆ ಎರಡು ಮೂರು ಒಗಟುಗಳನ್ನು ಊರಿನ ಶಾಲೆಗೆ ಒಪ್ಪಿಸಬಹುದು. ಸ್ಪಿಲ್ಸ್‌ಬರಿಯಂತೆ ನಾಡಿನ ಭೂಪಟವನ್ನೇ ಜಿಲ್ಲೆಜಿಲ್ಲೆಯಾಗಿ ಕೊಯ್ದುಕೊಟ್ಟರೆ, ಬಡಮಕ್ಕಳ ಕೈಗೆ ಆಟವೂ ಪಾಠವೂ ಒಟ್ಟಿಗೆ ದೊರೆಯುವುವು.

ಇಂತು ವಿನೋದದ ವಸ್ತುವೂ ಕಾಯಕವಾಗಬಲ್ಲುದು. ಮಾಡುವ ವಸ್ತು ಯಾವುದೆಂಬುದಕ್ಕಿಂತ, ಯಾರೂ ನೋಡದಾಗ ಅದನ್ನು ಹೇಗೆ ಮಾಡಿದನೆಂಬುದೇ ಅದರ ಬೆಲೆಯನ್ನು ಕಟ್ಟುವುದು. ಆ ಮನೆಯಲ್ಲಿ ಪ್ರತಿಯೊಂದು ಒಗಟನ್ನೂ ಪೆಟ್ಟಿಗೆಗೆ ತುಂಬುವ ಮುನ್ನ ಗಂಡನೊಮ್ಮೆ, ಹೆಂಡತಿಯೊಮ್ಮೆ ಎಣಿಸುವ ಪದ್ಧತಿಯಿದ್ದರೆ ಸಾಕು. ಎಂದೋ ಒಂದು ದಿನ, ಎಲ್ಲಿಯೋ ಒಂದು ಮನೆಯಲ್ಲಿ, ಅವರ ಹೆಸರನ್ನೂ ಅರಿಯದ ಮಗುವೊಂದು ಕೊನೆಯ ತುಣುಕಿಗಾಗಿ ಪೆಟ್ಟಿಗೆಯಲ್ಲಿ ಕೈಯಾಡಿಸುವುದು. ಆಗ ಆ ತುಣುಕು ಅಲ್ಲಿರಬೇಕು.