ನನ್ನ ಮಗು, ಊರಿನ ಮಗು

ಶಾಲೆಗಳು ಬಾಗಿಲು ತೆರೆಯುವ ದಿನಗಳಲ್ಲಿ ಹಳ್ಳಿಯ ಧರ್ಮಕೇಂದ್ರಗಳ ಗುರುಗಳಿಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. "ಫಾದರ್, ನಮ್ಮೂರ ಶಾಲೇಲಿ ಮಕ್ಕಳೇ ಕಮ್ಮಿ ಆಗ್ಬಿಟ್ಟಿದ್ದಾರೆ. ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕೋಣ ಅಂತಿದ್ದೀವಿ. ತಪ್ಪಾಗುತ್ತಾ?"

ಈ ಪ್ರಶ್ನೆಯ ಕೊನೆಯ ಪದವನ್ನು ಗಮನಿಸಬೇಕು. ಫೀಸು ಎಷ್ಟು, ವ್ಯಾನು ಎಷ್ಟು ಗಂಟೆಗೆ ಬರುತ್ತದೆ ಎಂಬುದು ಲೆಕ್ಕದ ವಿಷಯ. ತಪ್ಪೋ ಸರಿಯೋ ಎಂಬುದು ಮನಸ್ಸಾಕ್ಷಿಯ ವಿಷಯ. ಕೇಳುವವರ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇರುವುದರಿಂದಲೇ ಆ ಪದ ಬರುತ್ತದೆ. ಆ ಅಳುಕನ್ನು "ಅಯ್ಯೋ, ಅದರಲ್ಲೇನಿದೆ" ಎಂದು ಹಗುರ ಮಾಡುವುದೂ ಸರಿಯಲ್ಲ, ಪಾಪವೆಂದು ಹೆದರಿಸುವುದೂ ಸರಿಯಲ್ಲ. ಸ್ವಲ್ಪ ಕುಳಿತು ಯೋಚಿಸೋಣ.

ಮೊದಲು ತಂದೆತಾಯಿಯ ಹಕ್ಕಿನ ಮಾತು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಶಿಕ್ಷಣದ ಘೋಷಣೆ, ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ಸಾರಿತು. ಶಾಲೆಯನ್ನು ಆರಿಸುವ ಸ್ವಾತಂತ್ರ್ಯ ಅವರದೆಂದು ಒಪ್ಪಿತು. ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು 1994ರಲ್ಲಿ ಹೊರಟ ಸರ್ಕಾರಿ ಆದೇಶದ ಮೇಲೆ ವರ್ಷಗಟ್ಟಲೆ ವ್ಯಾಜ್ಯ ನಡೆದು, 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಾಧ್ಯಮವನ್ನು ಹೇರಲಾಗದು, ಆಯ್ಕೆ ತಂದೆತಾಯಿಯದು ಎಂದು ತೀರ್ಪು ಕೊಟ್ಟಿತು. ಆದ್ದರಿಂದ ಹಕ್ಕಿನ ಬಗ್ಗೆ ಅನುಮಾನ ಬೇಡ. ಆದರೆ ಮಹಾಸಭೆಯ ಅದೇ ಘೋಷಣೆ ಇನ್ನೊಂದು ಮಾತನ್ನೂ ಹೇಳಿದೆ: ಶಿಕ್ಷಣದ ಗುರಿ ಮಗುವಿನ ಏಳಿಗೆ ಮಾತ್ರವಲ್ಲ, ಆ ಮಗು ಯಾವ ಸಮಾಜಕ್ಕೆ ಸೇರಿದೆಯೋ ಆ ಸಮಾಜದ ಹಿತವೂ ಹೌದು. ಹಕ್ಕು ಇದೆ ಎಂದ ಮಾತ್ರಕ್ಕೆ ಅದನ್ನು ಹೇಗೆ ಬಳಸಬೇಕೆಂಬ ಪ್ರಶ್ನೆ ಮುಗಿಯುವುದಿಲ್ಲ.

ಹಾಗಾದರೆ ಊರ ಶಾಲೆಯಲ್ಲಿ ಏನಿದೆ? ನಿಜವಾಗಿ ಏನಿದೆಯೋ ಅದನ್ನು ನೋಡೋಣ. ಸುಣ್ಣ ಬಳಿದ ಎರಡು ಕೋಣೆ, ಬಾವುಟದ ಕಟ್ಟೆ, ಒಂದು ಹೊಂಗೆ ಮರ, ಅಡುಗೆ ಕೋಣೆಯ ಹೊಗೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕುಳಿತಿರುತ್ತಾರೆ. ಇದನ್ನು ನೋಡಿ "ಇದೇನು ಸಂತೆ" ಎನ್ನುವವರು ಬಹಳ. ಆದರೆ ಇದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಮುಂದಾಗಿ ಆರಂಭಿಸಿದ ಈ ಕ್ರಮ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಕಲಿಯಬೇಕಾದ್ದನ್ನು ಏಣಿಯ ಮೆಟ್ಟಿಲುಗಳಂತೆ ಚಿಕ್ಕ ಚಿಕ್ಕ ಹಂತಗಳಾಗಿ ಒಡೆದು ಕಾರ್ಡುಗಳಲ್ಲಿ ಇಟ್ಟಿದ್ದಾರೆ. ಪ್ರತಿ ಮಗುವೂ ತನ್ನ ಹೆಜ್ಜೆಯಲ್ಲಿ ಏಣಿ ಹತ್ತುತ್ತದೆ. ಜ್ವರ ಬಂದು ಹತ್ತು ದಿನ ಮಲಗಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ನಲಿ-ಕಲಿಯ ಗುಂಪುಗಳ ಹೆಸರುಗಳಲ್ಲೇ ಒಂದು ನೀತಿಪಾಠವಿದೆ. ಮೊದಲ ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ, ಎರಡನೆಯದಕ್ಕೆ ಶಿಕ್ಷಕರ ಅರ್ಧ ಬೆಂಬಲ, ಮೂರನೆಯದಕ್ಕೆ ಗೆಳೆಯರ ಪೂರ್ಣ ಬೆಂಬಲ, ನಾಲ್ಕನೆಯದಕ್ಕೆ ಗೆಳೆಯರ ಅರ್ಧ ಬೆಂಬಲ, ಕೊನೆಯದು ತಾನೇ ಕಲಿಯುವ ಗುಂಪು. ಅಂದರೆ ಮಗು ಗುರುವಿನಿಂದ ನೇರವಾಗಿ ಸ್ವಾವಲಂಬನೆಗೆ ಜಿಗಿಯುವುದಿಲ್ಲ; ನಡುವೆ ಗೆಳೆಯನ ಕೈ ಹಿಡಿದು ದಾಟುತ್ತದೆ. ಒತ್ತಕ್ಷರ ಬಾರದ ಪುಟ್ಟನಿಗೆ ಮೂರನೆಯ ತರಗತಿಯ ಅಕ್ಕ ತಿದ್ದಿಸುತ್ತಾಳೆ. ತಿದ್ದಿಸುವಾಗ ಅವಳ ಒತ್ತಕ್ಷರವೂ ಗಟ್ಟಿಯಾಗುತ್ತದೆ.

ಸಂತ ತೋಮಸ್ ಅಕ್ವಿನಾಸರು ಗುರುವನ್ನು ಕುರಿತು ಚರ್ಚಿಸುವಾಗ ವೈದ್ಯನ ಹೋಲಿಕೆ ಕೊಡುತ್ತಾರೆ. ರೋಗ ವಾಸಿಮಾಡುವುದು ಶರೀರದ ಸಹಜ ಶಕ್ತಿ. ವೈದ್ಯ ಅದಕ್ಕೆ ನೆರವಾಗುತ್ತಾನೆ. ಹಾಗೆಯೇ ಅರಿಯುವ ಬೆಳಕು ಮಗುವಿನೊಳಗೇ ಇದೆ. ಗುರು ಅದಕ್ಕೆ ದಾರಿ ಮಾಡಿಕೊಡುತ್ತಾನೆ. ಅರಿವೆಲ್ಲ ಇಂದ್ರಿಯಗಳ ಬಾಗಿಲಿನಿಂದಲೇ ಆರಂಭವಾಗುತ್ತದೆ ಎಂಬ ಅರಿಸ್ಟಾಟಲನ ಮಾತನ್ನೂ ಅವರು ಒಪ್ಪಿದವರು. ಈ ಎರಡು ತತ್ವಗಳನ್ನು ಇಟ್ಟುಕೊಂಡು ಹಳ್ಳಿ ಶಾಲೆಯ ಅಂಗಳ ನೋಡಿದರೆ ಅದು ಬಡತನದ ಗುರುತಾಗಿ ಕಾಣುವುದಿಲ್ಲ. ಮಗು ಎರೆಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತದೆ. ಬಾವಿಯ ಬಳಿಯ ಮರದಲ್ಲಿ ಗೀಜಗ ಗೂಡು ನೇಯುವುದನ್ನು ದಿನವೂ ಲೆಕ್ಕ ಇಡುತ್ತದೆ. ರೋಹಿಣಿ ಮಳೆಗೂ ಮೃಗಶಿರ ಮಳೆಗೂ ಏನು ವ್ಯತ್ಯಾಸವೆಂದು ಅಜ್ಜನಿಂದ ಕೇಳಿ ಬಂದು ಗೋಡೆಯ ಹವಾಮಾನ ನಕ್ಷೆಯಲ್ಲಿ ಮೋಡದ ಗುರುತು ಹಾಕುತ್ತದೆ. ಕೈತೋಟದ ನುಗ್ಗೆ, ಕರಿಬೇವು ಮಧ್ಯಾಹ್ನದ ಸಾರಿಗೆ ಹೋಗುತ್ತದೆ. ಕುಂಟೆಬಿಲ್ಲೆ, ಲಗೋರಿ, ಖೋ ಖೋ ಆಡುವಾಗ ಗೆಲ್ಲುವುದನ್ನೂ ಸೋಲುವುದನ್ನೂ, ಬಿದ್ದವನನ್ನು ಎತ್ತುವುದನ್ನೂ ಕಲಿಯುತ್ತದೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಪ್ರಕೃತಿಗಳ ನಡುವೆ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ನಮ್ಮ ಪ್ರಭುವೂ ಬೆಟ್ಟದ ಇಳಿಜಾರಿನಲ್ಲಿ, ಕೆರೆಯ ದಡದಲ್ಲಿ ಪಾಠ ಹೇಳಿದವರೇ. ಬೀಜ, ಹಕ್ಕಿ, ಹೂವುಗಳೇ ಅವರ ಪಠ್ಯ.

ಇನ್ನು ಊಟದ ಸಾಲು. ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಆದೇಶಿಸಿದ ಮೇಲೆ, ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಉತ್ತರದ ಜಿಲ್ಲೆಗಳಲ್ಲಿ, ಮರುವರ್ಷ ಎಲ್ಲೆಡೆ ಆರಂಭವಾಯಿತು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಸೇರಿತು. ಇದು ಹಸಿವಿನ ಪ್ರಶ್ನೆಯಷ್ಟೇ ಅಲ್ಲ. ನೂರಾರು ವರ್ಷ ಒಂದೇ ಸಾಲಿನಲ್ಲಿ ಕೂರದ ಜನರ ಮಕ್ಕಳು ಒಂದೇ ಸಾಲಿನಲ್ಲಿ, ಒಂದೇ ಪಾತ್ರೆಯ ಅನ್ನ ಉಣ್ಣುತ್ತಾರೆ. ಹಳ್ಳಿಯೆಂದರೆ ಬರೀ ಸೌಹಾರ್ದ ಎಂದು ಹೊಗಳುವುದು ಸುಳ್ಳಾಗುತ್ತದೆ. ದಲಿತ ಮಹಿಳೆ ಅಡುಗೆ ಮಾಡಿದಳೆಂದು ಮಕ್ಕಳನ್ನು ಊಟಕ್ಕೆ ಕೂರಿಸದ ಪ್ರಸಂಗಗಳು ನಮ್ಮ ರಾಜ್ಯದಲ್ಲೂ ನಡೆದು ಪತ್ರಿಕೆಗಳಲ್ಲಿ ವರದಿಯಾಗಿವೆ. ಆದರೆ ಆ ಜಗಳ ಹೊರಬಿದ್ದದ್ದು ಕೂಡ ಎಲ್ಲರ ಮಕ್ಕಳೂ ಅಲ್ಲಿದ್ದುದರಿಂದಲೇ. ಉಳ್ಳವರ ಮಕ್ಕಳು ವ್ಯಾನು ಹತ್ತಿ ಹೋದ ಊರಿನಲ್ಲಿ ಯಾರೂ ಯಾರೊಂದಿಗೂ ಕೂರುವ ಪ್ರಸಂಗವೇ ಬರುವುದಿಲ್ಲ. ಜಗಳವೂ ಇಲ್ಲ, ಮಾರ್ಪಾಡೂ ಇಲ್ಲ.

ಈಗ ಪ್ರಶ್ನೆಯ ತಿರುಳಿಗೆ ಬರೋಣ. ಲೋಕದಲ್ಲಿ ಎರಡು ಬಗೆಯ ಸಂಪತ್ತುಗಳಿವೆ. ಹೊಲ, ಹಣ, ಚಿನ್ನ ಒಂದು ಬಗೆ. ಹಂಚಿದರೆ ನನ್ನ ಪಾಲು ಕಡಿಮೆಯಾಗುತ್ತದೆ. ವಿದ್ಯೆ, ಸ್ನೇಹ, ವಿಶ್ವಾಸ ಇನ್ನೊಂದು ಬಗೆ. ಹಂಚಿದಷ್ಟೂ ಹೆಚ್ಚುತ್ತದೆ. ಕಲಿಕೆ ಸ್ವಭಾವತಃ ಎರಡನೆಯ ಬಗೆಯದು. ಆದರೆ ನಾವು ಕಲಿಕೆಯನ್ನು ಬರೀ ರ್‍ಯಾಂಕು ಮಾಡಿಬಿಟ್ಟರೆ ಅದು ಮೊದಲ ಬಗೆಗೆ ಸೇರಿಬಿಡುತ್ತದೆ. ಏಕೆಂದರೆ ಮೊದಲ ರ್‍ಯಾಂಕು ಒಂದೇ. ಪಕ್ಕದ ಮಗು ಹಿಂದೆ ಬಿದ್ದರೆ ನನ್ನ ಮಗುವಿಗೆ ಲಾಭ ಎಂಬ ಲೆಕ್ಕ ಆಗ ಹುಟ್ಟುತ್ತದೆ. ಐದು ವರ್ಷದ ಮಗುವಿಗೆ ನಾವು ಬಾಯಲ್ಲಿ ಹೇಳದೆಯೇ ಕಲಿಸುವ ಮೊದಲ ಪಾಠ ಇದಾದರೆ, ಭಾನುವಾರದ ಜ್ಞಾನೋಪದೇಶ ಅದನ್ನು ಅಳಿಸುವುದು ಕಷ್ಟ.

ಸಾಮಾನ್ಯ ಹಿತವನ್ನು ಅರಸುವವನು ತನ್ನ ಹಿತವನ್ನೂ ಅರಸುತ್ತಾನೆ, ಏಕೆಂದರೆ ಮನೆಗೂ ಊರಿಗೂ ಹಿತವಿಲ್ಲದೆ ಒಬ್ಬನ ಹಿತ ನಿಲ್ಲಲಾರದು ಎಂಬುದು ಅಕ್ವಿನಾಸರ ವಾದ. ಇದು ಬರೀ ಪುಸ್ತಕದ ಮಾತಲ್ಲ. ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಒಂದು ಸತ್ಯವನ್ನು ಎತ್ತಿ ತೋರಿಸಿದರು. ಸಾರ್ವಜನಿಕ ಶಾಲೆ ಕೆಡತೊಡಗಿದಾಗ ಮೊದಲು ಬಿಟ್ಟು ಹೋಗುವವರು ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿ ಇರುವ ತಂದೆತಾಯಂದಿರು. ಅವರು ಹೋದ ಮೇಲೆ ಗಟ್ಟಿಯಾಗಿ ಕೇಳುವ ದನಿಯೇ ಇಲ್ಲದೆ ಶಾಲೆ ಇನ್ನಷ್ಟು ಕೆಡುತ್ತದೆ. ನಮ್ಮಲ್ಲಿ 2001ರಿಂದ ಎಸ್‌ಡಿಎಂಸಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯಿದೆ ಇಂತಹ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆನ್ನುತ್ತದೆ. ಅರುವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಆಟದ ಮೈದಾನ ಇರಲೇಬೇಕೆನ್ನುತ್ತದೆ. ಆದರೆ ಇದನ್ನು ಓದಿ, ಶಿಕ್ಷಣಾಧಿಕಾರಿಯ ಮುಂದೆ ಹೋಗಿ "ಎಲ್ಲಿ ನಮ್ಮ ಎರಡನೆಯ ಶಿಕ್ಷಕರು?" ಎಂದು ಕೇಳಬಲ್ಲವರೇ ಊರ ಶಾಲೆಯ ಪೋಷಕರಾಗಿ ಉಳಿದಿಲ್ಲವಾದರೆ ಕಾಯಿದೆ ಕಾಗದದಲ್ಲೇ ಉಳಿಯುತ್ತದೆ.

ಹಿಂದುಳಿದ ಮಕ್ಕಳ ಜೊತೆ ಕಲಿತರೆ ನನ್ನ ಮಗುವೂ ಹಿಂದುಳಿದೀತು ಎಂಬ ಭಯಕ್ಕೆ ಇಟಲಿಯ ಒಬ್ಬ ಗುರುಗಳ ಬದುಕು ಉತ್ತರ ಹೇಳುತ್ತದೆ. ಡಾನ್ ಲೊರೆಂಜೊ ಮಿಲಾನಿ ಎಂಬ ಯುವ ಗುರುವನ್ನು 1954ರ ಡಿಸೆಂಬರಿನಲ್ಲಿ ಟಸ್ಕನಿಯ ಬೆಟ್ಟದ ಮೇಲಿನ ಬಾರ್ಬಿಯಾನಾ ಎಂಬ ಕುಗ್ರಾಮಕ್ಕೆ ಕಳಿಸಲಾಯಿತು. ಸರಿಯಾದ ರಸ್ತೆಯಿಲ್ಲ, ವಿದ್ಯುತ್ ಇಲ್ಲ, ಬೆರಳೆಣಿಕೆಯ ರೈತರ ಮನೆಗಳು. ಪರೀಕ್ಷೆಯಲ್ಲಿ ಫೇಲಾಗಿ ಶಾಲೆ ಬಿಟ್ಟ ರೈತರ ಮಕ್ಕಳಿಗೆ ಅವರು ಗುರುಮನೆಯಲ್ಲೇ ಶಾಲೆ ತೆರೆದರು. ಹವೆ ಚೆನ್ನಾಗಿದ್ದಾಗ ಹೊರಗೆ ಚಪ್ಪರದ ಕೆಳಗೆ ಪಾಠ. ದೊಡ್ಡವರು ಚಿಕ್ಕವರಿಗೆ ಕಲಿಸಬೇಕು. ಒಬ್ಬನಿಗೆ ಅರ್ಥವಾಗದಿದ್ದರೆ ಉಳಿದವರು ಅವನಿಗಾಗಿ ನಿಲ್ಲಬೇಕು. ಬೆಟ್ಟದ ಮಕ್ಕಳ ನೀರಿನ ಭಯ ಹೋಗಲೆಂದು ಗುರು ಶಿಷ್ಯರು ಸೇರಿ ಪುಟ್ಟ ಈಜುಕೊಳವನ್ನೂ ಕಟ್ಟಿದರು. 1967ರಲ್ಲಿ ಆ ಶಾಲೆಯ ಎಂಟು ಹುಡುಗರು ಸೇರಿ ಒಬ್ಬ ಶಿಕ್ಷಕಿಗೆ ಬರೆದ ಪತ್ರದ ರೂಪದಲ್ಲಿ ಪುಸ್ತಕವೊಂದನ್ನು ಹೊರತಂದರು. ಬಡವರ ಮಕ್ಕಳನ್ನು ಫೇಲು ಮಾಡಿ ಹೊರಗಟ್ಟುವ ಶಾಲೆ ನ್ಯಾಯವೇ ಎಂದು ಕೇಳಿದ ಆ ಪುಸ್ತಕ ಇಟಲಿಯನ್ನೇ ಅಲುಗಿಸಿತು. ಕೊನೆಯವನಿಗಾಗಿ ನಿಂತ ಶಾಲೆ ಉಳಿದವರನ್ನು ಹಿಂದೆ ಹಾಕಲಿಲ್ಲ. ಇಡೀ ದೇಶ ಓದುವಂತೆ ಬರೆಯುವುದನ್ನು ಕಲಿಸಿತು. ಆ ವರ್ಷವೇ ಜೂನ್ 26ರಂದು, 44ನೆಯ ವಯಸ್ಸಿನಲ್ಲಿ, ಮಿಲಾನಿ ತೀರಿಕೊಂಡರು. ಐವತ್ತು ವರ್ಷಗಳ ನಂತರ, 2017ರ ಜೂನಿನಲ್ಲಿ, ಪೋಪ್ ಫ್ರಾನ್ಸಿಸರು ಆ ಬೆಟ್ಟ ಹತ್ತಿ ಅವರ ಸಮಾಧಿಯ ಮುಂದೆ ಪ್ರಾರ್ಥಿಸಿದರು.

ಹಾಗಾದರೆ ಪೇಟೆಗೆ ಕಳಿಸುವುದು ತಪ್ಪೇ? ನೇರ ಉತ್ತರ ಹೀಗೆ.

ಊರ ಶಾಲೆಯಲ್ಲಿ ಶಿಕ್ಷಕರೇ ಇಲ್ಲದೆ, ಕೇಳಿ ಕೇಳಿ ಸೋತು, ಮಗುವಿನ ವರ್ಷಗಳು ಹಾಳಾಗುತ್ತಿದ್ದರೆ ಬೇರೆಡೆ ಸೇರಿಸುವುದು ತಪ್ಪಲ್ಲ. ನಮ್ಮ ಆದರ್ಶಕ್ಕೆ ಮಗುವನ್ನು ಬಲಿ ಕೊಡುವ ಅಧಿಕಾರ ನಮಗಿಲ್ಲ. ಇಂಗ್ಲಿಷ್ ಬೇಕೆನ್ನುವ ಬಡ ತಾಯಿಯ ಆಸೆಯನ್ನು ಹೀಗಳೆಯುವುದೂ ಸಲ್ಲದು; ಇಂಗ್ಲಿಷಿನಿಂದ ಬದುಕು ಕಟ್ಟಿಕೊಂಡವರು ಅವಳಿಗೆ ಕನ್ನಡದ ಉಪದೇಶ ಮಾಡುವುದು ಅನ್ಯಾಯ.

ಆದರೆ ಶಾಲೆ ಚೆನ್ನಾಗಿಯೇ ನಡೆಯುತ್ತಿದ್ದು, "ಯಾರ್‍ಯಾರೋ ಮಕ್ಕಳ ಜೊತೆ ನಮ್ಮ ಮಗು ಕೂರೋದಾ?" ಎಂಬುದೇ ಕಾರಣವಾದರೆ, ಅಲ್ಲಿ ತಪ್ಪಿದೆ. ಆ ತಪ್ಪು ಶಾಲೆಯ ಆಯ್ಕೆಯಲ್ಲಿಲ್ಲ, ಮನಸ್ಸಿನಲ್ಲಿದೆ. ಅದನ್ನು ಇಂಗ್ಲಿಷ್ ಎಂಬ ಹೆಸರಿನಿಂದ ಮುಚ್ಚಬಾರದು.

ಮಗುವನ್ನು ಎಲ್ಲಿಗೆ ಸೇರಿಸಿದರೂ ಊರ ಶಾಲೆಯ ಋಣ ತೀರುವುದಿಲ್ಲ. ಅಲ್ಲಿ ಉಳಿದಿರುವ ಮಕ್ಕಳೂ ನಮ್ಮವರೇ. ಓದಿದವರು ಎಸ್‌ಡಿಎಂಸಿಯ ಪೋಷಕರ ಬೆನ್ನಿಗೆ ನಿಂತು ಅರ್ಜಿ ಬರೆದುಕೊಡಬಹುದು. ನಿವೃತ್ತ ಶಿಕ್ಷಕರು ಸಂಜೆ ಒಂದು ಗಂಟೆ ಇಂಗ್ಲಿಷ್ ಹೇಳಿಕೊಡಬಹುದು. ರೈತರು ಕೈತೋಟಕ್ಕೆ ಸಸಿ, ಗೊಬ್ಬರ ಕೊಡಬಹುದು. ಧರ್ಮಸಭೆಗೂ ಈ ಮಾತು ಅನ್ವಯಿಸುತ್ತದೆ. 2014ರ ಅದೇ ದಿನ ಬಂದ ಇನ್ನೊಂದು ತೀರ್ಪು ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ಹೇಳಿತು. ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಇಡಬೇಕಾದ ನೂರಕ್ಕೆ 25 ಸೀಟುಗಳ ಕಡ್ಡಾಯ ನಮ್ಮ ಶಾಲೆಗಳಿಗಿಲ್ಲ. ಕಾನೂನು ಕೇಳದಿದ್ದರೇನು, ಶುಭಸಂದೇಶ ಕೇಳುತ್ತದೆ. ನೂರು ಕುರಿಗಳಲ್ಲಿ ಒಂದು ತಪ್ಪಿಹೋದಾಗ, ಉಳಿದ ತೊಂಬತ್ತೊಂಬತ್ತರ ಸರಾಸರಿ ಚೆನ್ನಾಗಿದೆಯೆಂದು ಕುರುಬ ಸಮಾಧಾನಪಟ್ಟುಕೊಳ್ಳಲಿಲ್ಲ.

ಪ್ರಿಯ ತಂದೆತಾಯಂದಿರೇ, ಮುಂದಿನ ಶನಿವಾರ ಬೆಳಿಗ್ಗೆ ಬಿಡುವು ಮಾಡಿಕೊಂಡು ನಿಮ್ಮೂರ ಶಾಲೆಗೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರ ಹೆಸರೇನು, ಯಾರ ಮನೆಯವರು ಎಂದು ಕೇಳಿ ತಿಳಿಯಿರಿ. ಅಂದು ರಾತ್ರಿ ಮನೆಯ ಜಪಸರದ ನಂತರ ನಿಮ್ಮ ಮಕ್ಕಳ ಹೆಸರಿನ ಜೊತೆ ಆ ಮಕ್ಕಳಲ್ಲಿ ಇಬ್ಬರ ಹೆಸರನ್ನಾದರೂ ಹೇಳಿ ಪ್ರಾರ್ಥಿಸಿರಿ. ಹೆಸರು ಹಿಡಿದು ಪ್ರಾರ್ಥಿಸಿದ ಮಗುವಿನ ಶಾಲೆ ಮುಚ್ಚುತ್ತದೆಂದರೆ ಸುಮ್ಮನಿರುವುದು ಯಾರಿಗೂ ಸುಲಭವಲ್ಲ.