ಮೋಸವಿಲ್ಲದ ಜೂಜು ನ್ಯಾಯವಾದೀತೇ?

2025ರ ತಪಸ್ಸುಕಾಲದ ಒಂದು ಸಂಜೆ ನನ್ನ ತಂಗಿಯ ಮಗ ಮನೆಗೆ ಬಂದು, ಶಾಲಾಮಕ್ಕಳು ಬಳಸುವಂಥ ನೋಟುಪುಸ್ತಕವೊಂದನ್ನು ನನ್ನ ಮುಂದಿಟ್ಟನು. ಅಂತರಜಾಲದಲ್ಲಿ ಹಣ ಕಟ್ಟಿ ಆಡುವ ತಾಣವೊಂದನ್ನು ಮೂರು ತಿಂಗಳು ಪರೀಕ್ಷಿಸಿ ಅವನು ಬರೆದಿಟ್ಟ ಲೆಕ್ಕ ಅದರಲ್ಲಿತ್ತು. ಗೆದ್ದ ಹಣ ಎಷ್ಟು ಹೊತ್ತಿನಲ್ಲಿ ಬ್ಯಾಂಕಿನ ಖಾತೆಗೆ ಬರುತ್ತದೆ, ಕನಿಷ್ಠ ಪಣವೆಷ್ಟು, ಬೋನಸ್ಸಿನ ಹಿಂದಿರುವ ಷರತ್ತುಗಳೇನು, ಫಲಿತಾಂಶದಲ್ಲಿ ಕೈವಾಡವಿದೆಯೇ ಎಂಬೆಲ್ಲ ಪ್ರಶ್ನೆಗಳಿಗೂ ಅಂಕಗಳಿದ್ದವು. "ಮಾವ, ನೀವು ಗಣಿತ ಕಲಿಸಿದವರು, ನೀವೇ ನೋಡಿ. ಇದರಲ್ಲಿ ಮೋಸವಿಲ್ಲ. ಮೋಸವೇ ಇಲ್ಲದ ಮೇಲೆ ಪಾಪ ಎಲ್ಲಿಂದ ಬಂತು?" ಎಂದು ಕೇಳಿದನು. ಅವನ ಪ್ರಶ್ನೆ ಪ್ರಾಮಾಣಿಕವಾಗಿತ್ತು. ಬೈದು ಕಳುಹಿಸುವುದು ಸುಲಭವಿತ್ತು. ಉತ್ತರಿಸುವುದು ಅಷ್ಟು ಸುಲಭವಿರಲಿಲ್ಲ.

ಆಟದ ಬಗೆಯನ್ನು ಅರಿಯದವರಿಗಾಗಿ ಎರಡು ಮಾತು. ಸುಮಾರು 2014ರಲ್ಲಿ ಬಿಟ್‌ಕಾಯಿನ್ ಬಳಸುವವರ ನಡುವೆ ಕಾಣಿಸಿಕೊಂಡ 'ಕ್ರ್ಯಾಶ್' ಎಂಬ ಈ ಜಾತಿಯ ಆಟ, ಮುಂದೆ ಪುಟ್ಟ ವಿಮಾನದ ಚಿತ್ರವನ್ನು ಹೊತ್ತು ನಮ್ಮ ಊರುಗಳ ಮೊಬೈಲುಗಳಿಗೂ ಇಳಿಯಿತು. ಆಟಗಾರನು ಪಣವಿಟ್ಟ ಮೇಲೆ ವಿಮಾನ ಮೇಲೇರುತ್ತದೆ. ಅದರೊಡನೆ ಒಂದು ಸಂಖ್ಯೆಯೂ ಒಂದು, ಒಂದೂವರೆ, ಎರಡು, ಐದು, ಹತ್ತು ಎಂದು ಏರುತ್ತದೆ. ವಿಮಾನ ಮಾಯವಾಗುವ ಮುನ್ನ ಗುಂಡಿಯೊತ್ತಿ ಇಳಿದುಕೊಂಡರೆ ಆ ಕ್ಷಣದ ಸಂಖ್ಯೆಯಷ್ಟು ಪಟ್ಟು ಹಣ ಅವನದು. ಒಂದು ಕ್ಷಣ ತಡವಾದರೆ ಪಣವೆಲ್ಲ ಹೋಯಿತು. ಒಂದು ಸುತ್ತು ಮುಗಿಯಲು ಸಾಮಾನ್ಯವಾಗಿ ಅರ್ಧ ನಿಮಿಷವೂ ಬೇಡ.

'ಮೋಸವಿಲ್ಲ' ಎಂಬ ಮಾತಿಗೆ ಆಧಾರವಿಲ್ಲದಿಲ್ಲ. ಇಂಥ ಆಟಗಳಲ್ಲಿ ಕೆಲವು, ಫಲಿತಾಂಶವನ್ನು ನಿರ್ಧರಿಸುವ ರಹಸ್ಯ ಸಂಖ್ಯೆಯ ಗುರುತನ್ನು ಸುತ್ತು ಆರಂಭವಾಗುವ ಮುನ್ನವೇ ಪ್ರಕಟಿಸುತ್ತವೆ. ಅದು ಅರಗಿನ ಮುದ್ರೆಯೊತ್ತಿದ ಲಕೋಟೆಯನ್ನು ಎಲ್ಲರೆದುರು ಮೇಜಿನ ಮೇಲಿಟ್ಟಂತೆ. ಸುತ್ತು ಮುಗಿದ ಮೇಲೆ ಲಕೋಟೆಯನ್ನು ತೆರೆದು ಯಾರು ಬೇಕಾದರೂ ತಾಳೆ ನೋಡಬಹುದು. ಆದರೆ ಲಕೋಟೆಯನ್ನು ನಡುವೆ ಬದಲಾಯಿಸಿಲ್ಲ ಎಂಬುದಷ್ಟೇ ಇದರಿಂದ ರುಜುವಾಗುತ್ತದೆ. ಲಕೋಟೆಯೊಳಗೆ ನಮಗೆ ಹಿತವಾದದ್ದಿದೆ ಎಂಬುದು ರುಜುವಾಗುವುದಿಲ್ಲ.

ಹೆಚ್ಚು ಪ್ರಚಾರದಲ್ಲಿದ್ದ ಇಂಥ ಆಟವೊಂದು, ಪಣವಾಗಿ ಬಂದ 100 ರೂಪಾಯಿಗೆ ಸರಾಸರಿ 97 ರೂಪಾಯಿ ಹಿಂದಿರುಗುತ್ತದೆಂದು ತಾನೇ ಹೇಳಿಕೊಳ್ಳುತ್ತದೆ. ಅಂದರೆ ವಿಮಾನವು ಎರಡು ಪಟ್ಟಿನ ಎತ್ತರವನ್ನು ಮುಟ್ಟುವ ಸಂಭವ ನೂರಕ್ಕೆ ಸುಮಾರು 48.5, ಹತ್ತು ಪಟ್ಟನ್ನು ಮುಟ್ಟುವ ಸಂಭವ ಸುಮಾರು 9.7. ಎರಡನ್ನೂ ಅವುಗಳ ಪಟ್ಟಿನಿಂದ ಗುಣಿಸಿದರೆ ಬರುವುದು ಅದೇ 97. ಬೇಗ ಇಳಿದರೂ ತಡವಾಗಿ ಇಳಿದರೂ ನೂರಕ್ಕೆ ಮೂರು ಆಡಿಸುವವನಿಗೆ ಸಲ್ಲುತ್ತದೆ. ಹಿಂದಿನ ಸುತ್ತುಗಳ ನೆನಪು ವಿಮಾನಕ್ಕಿಲ್ಲವಾದುದರಿಂದ ಯಾವ ಜಾಣ್ಮೆಯೂ ಇಲ್ಲಿ ನಡೆಯದು. ಮೂರು ರೂಪಾಯಿ ಅಲ್ಪವೆಂದು ತೋರಬಹುದು. ಆದರೆ ಅದು ಒಮ್ಮೆ ತೆತ್ತು ಮುಗಿಸುವ ಸುಂಕವಲ್ಲ. ನೂರು ರೂಪಾಯಿಯಂತೆ ಗಂಟೆಗೆ ನೂರು ಸುತ್ತು ಆಡಿದವನು ಹತ್ತು ಸಾವಿರವನ್ನು ಪಣವೊಡ್ಡಿ, ಸರಾಸರಿ 300 ರೂಪಾಯಿ ಕಳೆದುಕೊಂಡಿರುತ್ತಾನೆ. ಸೋತದ್ದನ್ನು ಮರಳಿ ಪಡೆಯಲು ಪಣವನ್ನು ಇಮ್ಮಡಿಸಿದಂತೆಲ್ಲ ಈ ಮೊತ್ತವೂ ಬೆಳೆಯುತ್ತದೆ.

ಅಳಿಯನ ಪುಸ್ತಕದಲ್ಲಿ ಗೆದ್ದ ಸುತ್ತುಗಳ ಕೆಳಗೆಲ್ಲ ಕೆಂಪು ಗೆರೆಗಳಿದ್ದವು. ಒಟ್ಟು ಮೊತ್ತಕ್ಕೆ ಮಾತ್ರ ಒಂದು ಸಾಲೂ ಇರಲಿಲ್ಲ. ಇಬ್ಬರೂ ಕುಳಿತು ಕೂಡಿ ಕಳೆದು ನೋಡಿದೆವು. 18,400 ರೂಪಾಯಿ ಹೋಗಿತ್ತು. ಬಹಳ ಹೊತ್ತಿನ ಮೇಲೆ ಅವನು ಬಾಯಿಬಿಟ್ಟನು. ಅದು ಅವನ ತಾಯಿ ಹೊಲಿಗೆಯಂತ್ರ ಕೊಳ್ಳಲು ಮಹಿಳಾ ಸಂಘದಿಂದ ತಂದಿದ್ದ ಸಾಲದ ಹಣ.

ತಾಣಕ್ಕೆ ಅಂಕ ಕೊಡುವ ಆಟಗಾರನ ಪಟ್ಟಿಯಲ್ಲಿ ಯಾವ ಪ್ರಶ್ನೆಗಳು ಬಿಟ್ಟುಹೋಗಿರುತ್ತವೆ ಎಂಬುದು ನನಗೆ ಆಗ ಹೊಳೆಯಿತು. ಗೆದ್ದ ಹಣ ಯಾರದು ಎಂಬುದು ಮೊದಲನೆಯದು. ಅಕ್ಕಿ ಮಾರುವವನು ಹಣ ಪಡೆದು ಅಕ್ಕಿ ಕೊಡುತ್ತಾನೆ. ಇಬ್ಬರ ಕೈಯೂ ತುಂಬುತ್ತದೆ. ಜೂಜಿನಲ್ಲಿ ಒಬ್ಬನ ಕೈಗೆ ಬಂದದ್ದು ಇನ್ನೊಬ್ಬನ ಕೈಯಿಂದ ಜಾರಿದ್ದೇ. ಹಬ್ಬದ ದಿನ ಮರದಡಿ ಇಸ್ಪೀಟು ಆಡುವವನಿಗೆ ಸೋತವನ ಮುಖವಾದರೂ ಕಾಣುತ್ತದೆ. ಮೊಬೈಲಿನ ಪರದೆಯ ಮೇಲೆ ಗೆದ್ದವರ ಮೊತ್ತಗಳು ಒಂದರ ಮೇಲೊಂದು ಮಿನುಗುತ್ತವೆ. ಸೋತವನ ತಾಯಿಯ ಮುಖ ಎಲ್ಲಿಯೂ ಕಾಣುವುದಿಲ್ಲ.

ಈ ಆಟ ಮನಸ್ಸನ್ನು ಏನು ಮಾಡುತ್ತದೆ ಎಂಬುದು ಎರಡನೆಯದು. ಹಳೆಯ ಜೂಜಿನಲ್ಲಿ ಸೋತವನು ಮಾತ್ರ ಪರಿತಪಿಸುತ್ತಿದ್ದನು. ಇಲ್ಲಿ ಗೆದ್ದವನೂ ಪರಿತಪಿಸುತ್ತಾನೆ. ಎರಡು ಪಟ್ಟಿಗೆ ಇಳಿದವನ ಕಣ್ಣೆದುರೇ ವಿಮಾನ ನಲವತ್ತು ಪಟ್ಟಿನವರೆಗೆ ಹಾರಿಹೋಗುತ್ತದೆ. ಸೋಲು 'ಇನ್ನೊಮ್ಮೆ' ಎನ್ನುತ್ತದೆ. ಗೆಲುವೂ 'ಇನ್ನೊಮ್ಮೆ' ಎನ್ನುತ್ತದೆ. ಸಾಕು ಎಂಬ ಮಾತಿಗೆ ಆ ಪರದೆಯ ಮೇಲೆ ಜಾಗವೇ ಇಲ್ಲ. ಪ್ರಭು ಯೇಸು ಕಲಿಸಿದ ಪ್ರಾರ್ಥನೆಯಲ್ಲಾದರೋ ನಾವು ಬೇಡುವುದು ಅಂದಂದಿನ ಆಹಾರವನ್ನು ಮಾತ್ರ. ಹಾಗೆ ಬೇಡಲು ಕಲಿತ ನಾಲಿಗೆಯೂ ಹೀಗೆ ಬಯಸಲು ಕಲಿತ ಬೆರಳೂ ಒಂದೇ ದೇಹದಲ್ಲಿ ಎಷ್ಟು ದಿನ ಇರಬಲ್ಲವು?

ಧರ್ಮಸಭೆ ಈ ವಿಷಯದಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಖಂಡಿಸಿಲ್ಲ. ಕಥೋಲಿಕ ಧರ್ಮೋಪದೇಶದ 2413ನೆಯ ಪರಿಚ್ಛೇದವು ಅದೃಷ್ಟದ ಆಟವನ್ನಾಗಲಿ ಪಣವನ್ನಾಗಲಿ ಸ್ವತಃ ಅನ್ಯಾಯವೆನ್ನುವುದಿಲ್ಲ. ತನ್ನ ಅಥವಾ ಇತರರ ಅಗತ್ಯಗಳಿಗೆ ಬೇಕಾದುದನ್ನು ಕಸಿದಾಗ ಅದು ನೀತಿಬಾಹಿರವಾಗುತ್ತದೆಂದೂ, ಜೂಜಿನ ಮೋಹ ಗುಲಾಮಗಿರಿಯಾಗುವ ಅಪಾಯವಿದೆಯೆಂದೂ ಎಚ್ಚರಿಸುತ್ತದೆ. ಬೈಬಲಿನಲ್ಲಿಯೂ ಚೀಟಿ ಹಾಕಿದ ಎರಡು ಪ್ರಸಂಗಗಳು ಹತ್ತಿರ ಹತ್ತಿರವೇ ಇವೆ. ಯೂದನಿಂದ ತೆರವಾದ ಸ್ಥಾನಕ್ಕೆ ಪ್ರೇಷಿತರು ಪ್ರಾರ್ಥಿಸಿ, ಚೀಟಿ ಹಾಕಿ, ಮತ್ತೀಯನನ್ನು ಆರಿಸಿಕೊಂಡರು. ಅದಕ್ಕೂ ಮುನ್ನ ಶಿಲುಬೆಯ ಬುಡದಲ್ಲಿ ಸೈನಿಕರು ಹೊಲಿಗೆಯಿಲ್ಲದ ಒಂದು ಅಂಗಿಗಾಗಿ ಚೀಟಿ ಹಾಕಿದ್ದರು. ಆ ಚೀಟಿಯಲ್ಲಿ ಮೋಸವಿತ್ತೆಂದು ಯಾವ ಶುಭಸಂದೇಶಕರ್ತನೂ ಹೇಳಿಲ್ಲ. ಅದು ನ್ಯಾಯವಾಗಿಯೇ ಬಿದ್ದಿರಬೇಕು. ಅವರ ದೋಷ ಚೀಟಿಯಲ್ಲಿರಲಿಲ್ಲ, ತಲೆಯೆತ್ತಿ ನೋಡದುದರಲ್ಲಿತ್ತು. ನನ್ನ ಅಳಿಯನ ಪ್ರಶ್ನೆಗೆ ಉತ್ತರ ಅಲ್ಲಿದೆಯೆಂದು ನಾನು ತಿಳಿದಿದ್ದೇನೆ.

ಅವನು ಸುಮ್ಮನಾಗಲಿಲ್ಲ. "ನಮ್ಮ ಚರ್ಚಿನ ಹಬ್ಬದಲ್ಲಿ ಹೌಸಿ ಆಡಿಸುವುದಿಲ್ಲವೇ? ಲಕ್ಕಿ ಡಿಪ್ ಚೀಟಿ ಮಾರುವುದಿಲ್ಲವೇ?" ಎಂದನು. ಈ ಮಾತನ್ನು ತಳ್ಳಿಹಾಕುವುದು ಸರಿಯಲ್ಲ. ಹತ್ತು ರೂಪಾಯಿಯ ಚೀಟಿಗೆ ಒಂದು ಮಿತಿಯಿದೆ, ಒಂದು ಸಂಜೆಯ ಗಡುವಿದೆ, ಸುತ್ತ ನೆರೆಹೊರೆಯವರಿದ್ದಾರೆ, ಬಂದ ಹಣದ ಲೆಕ್ಕ ಕೇಳುವವರಿದ್ದಾರೆ. ಈ ವ್ಯತ್ಯಾಸಗಳು ನಿಜ. ಆದರೂ ದಾನವಾಗಿ ಕೊಡಲೊಲ್ಲದ ಹತ್ತು ರೂಪಾಯಿಯನ್ನು ಬಹುಮಾನದ ಆಸೆ ತೋರಿಸಿ ಪಡೆಯುವಾಗ ನಾವು ಮಕ್ಕಳಿಗೆ ಏನನ್ನು ಕಲಿಸುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಧರ್ಮಕೇಂದ್ರವೂ ತನಗೆ ಹಾಕಿಕೊಳ್ಳಬೇಕು. ಹುಡುಗನ ಮುಂದೆ ನಾನು ಇದನ್ನು ಒಪ್ಪಿಕೊಂಡೆ.

ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆಡಿಸುವವರಿಗೂ ಜಾಹೀರಾತು ನೀಡುವವರಿಗೂ ಅದರಲ್ಲಿ ಶಿಕ್ಷೆಯಿದೆ, ಆಡುವವನಿಗಿಲ್ಲ. ಅವನನ್ನು ಅಪರಾಧಿಯೆಂದಲ್ಲ, ಪೆಟ್ಟು ತಿಂದವನೆಂದು ನೋಡಿದ ಈ ದೃಷ್ಟಿ ಒಳ್ಳೆಯದು. ಆದರೆ ಕಾನೂನು ಬಾಗಿಲನ್ನು ಮುಚ್ಚಬಲ್ಲದೇ ಹೊರತು ಬಾಗಿಲು ಹುಡುಕುವ ಮನಸ್ಸನ್ನು ತಿದ್ದಲಾರದು. ಅದಕ್ಕೆ ಮನೆಯವರು ಬೇಕು, ಗುರುಗಳು ಬೇಕು, ಕೆಲವೊಮ್ಮೆ ವೈದ್ಯರೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಅಂತರಜಾಲಗಳ ಗೀಳಿಗೆ ಸಿಕ್ಕವರಿಗಾಗಿ 2014ರಿಂದ ಪ್ರತ್ಯೇಕ ಚಿಕಿತ್ಸಾಲಯವಿದೆ. 14416 ಎಂಬ ಸರಕಾರಿ ಸಹಾಯವಾಣಿಯಲ್ಲಿಯೂ ಮಾತನಾಡಬಹುದು. ಅಲ್ಲಿಗೆ ಹೋಗುವುದು ನಾಚಿಕೆಯ ವಿಷಯವಲ್ಲ.

ಆ ರಾತ್ರಿ ನಾನು ಅವನಿಗೆ ಸಂತ ಕಮಿಲ್ಲಸ್ ದೆ ಲೆಲ್ಲಿಸ್ ಅವರ ಕಥೆ ಹೇಳಿದೆ. 1550ರಲ್ಲಿ ಇಟಲಿಯಲ್ಲಿ ಹುಟ್ಟಿದ ಈ ಸೈನಿಕ ಜೂಜಿನಲ್ಲಿ ಎಲ್ಲವನ್ನೂ ಸೋತನು. ಮೈಮೇಲಿನ ಅಂಗಿಯನ್ನೂ ಸೋತನೆಂದು ಪ್ರತೀತಿ. ಕಪುಚಿನ್ ಮಠವೊಂದರ ಕಟ್ಟಡದಲ್ಲಿ ಕೂಲಿಯಾಳಾಗಿ ದುಡಿಯುತ್ತಿದ್ದಾಗ, 1575ರಲ್ಲಿ, ಅವರ ಮನಸ್ಸು ತಿರುಗಿತು. ಮುಂದೆ ರೋಗಿಗಳ ಸೇವೆಗಾಗಿ ಸಂನ್ಯಾಸಿಗಳ ಸಭೆಯೊಂದನ್ನು ಸ್ಥಾಪಿಸಿದರು. ಬೆಂಗಳೂರಿನ ಸ್ನೇಹದಾನದಲ್ಲಿ ಎಚ್‌ಐವಿ ಬಾಧಿತರ ಆರೈಕೆಗೆ ನಿಂತವರು ಅದೇ ಸಭೆಯ ಗುರುಗಳು. ಶಿಲುಬೆಯ ಬುಡದ ಸೈನಿಕರು ನೋಡದ ಮುಖವನ್ನು ಈ ಸೈನಿಕ ಪ್ರತಿಯೊಬ್ಬ ರೋಗಿಯಲ್ಲಿಯೂ ನೋಡಿದರು.

ಮರುದಿನ ಬೆಳಗಿನ ಬಲಿಪೂಜೆಯ ನಂತರ ನಾವಿಬ್ಬರೂ ತಂಗಿಯ ಮನೆಗೆ ನಡೆದೆವು. ದಾರಿಯುದ್ದಕ್ಕೂ ಅವನು ಮಾತನಾಡಲಿಲ್ಲ. ಹೊಸ್ತಿಲಲ್ಲಿ ನಿಂತು, "ಅಮ್ಮ, ನಿನ್ನ ಹತ್ತಿರ ಒಂದು ವಿಷಯ ಹೇಳಬೇಕು" ಎಂದನು. ಅವಳು ಕೈಯ ಕೆಲಸ ಬಿಟ್ಟು ಬಂದಳು. ಅವನು ತಲೆಯೆತ್ತಿ ಅವಳ ಮುಖ ನೋಡಿದನು. ಸಾಲ ಇನ್ನೂ ತೀರಿಲ್ಲ. ತಿಂಗಳು ತಿಂಗಳು ತೀರುತ್ತಿದೆ.