ಊರಿನ ರುಚಿ, ಕೇರಿಯ ಬುತ್ತಿ

ದಾರಿಯುದ್ದಕ್ಕೂ ನಿಂತು ನಿಂತು ಹೋಗಬೇಕು, ಆಯಾ ಊರಿನ ತಿಂಡಿ ತಿನ್ನಬೇಕು, ಆಯಾ ಊರಲ್ಲಿ ನೋಡುವಂಥದ್ದನ್ನು ನೋಡಬೇಕು, ಆಗಲೇ ದೇಶ ತಿಳಿದ ಹಾಗೆ. ಹೀಗನ್ನುತ್ತಾರೆ ಕಾರು ಇದ್ದವರು. ಮಾತು ಚೆನ್ನಾಗೇ ಇದೆ. ಮನೆಯಲ್ಲೇ ಕೂತು ತನ್ನ ಅನ್ನವೇ ಅನ್ನ, ಮಿಕ್ಕವರದು ಹೊಲಸು ಅನ್ನುವವನಿಗಿಂತ ಇನ್ನೊಬ್ಬರ ತಟ್ಟೆಗೆ ಕೈಚಾಚುವವನು ಮೇಲು. ನಮ್ಮ ತಕರಾರು ತಿನ್ನೋದಕ್ಕಲ್ಲ, ತಿರುಗೋದಕ್ಕೂ ಅಲ್ಲ. ನಮ್ಮ ಪ್ರಶ್ನೆ ಒಂದೇ: ಆಯಾ ಊರು ಅಂದ್ರೆ ಯಾರು?

ಬೆಂಗಳೂರು-ಮೈಸೂರು ದಾರಿಯನ್ನೇ ತಗೊಳ್ಳಿ. ಚನ್ನಪಟ್ಟಣದಲ್ಲಿ ಬೊಂಬೆ, ಮದ್ದೂರಲ್ಲಿ ವಡೆ, ಅತ್ತ ತಿರುಗಿದರೆ ಮೇಲುಕೋಟೆಯ ಪುಳಿಯೋಗರೆ, ಮೈಸೂರು ಮುಟ್ಟಿದರೆ ಮೈಸೂರುಪಾಕು, ಇನ್ನೂ ಮುಂದೆ ನಂಜನಗೂಡಿನ ರಸಬಾಳೆ. ಇದು ಪ್ರವಾಸಿಯ ಪಟ್ಟಿ. ಇದೇ ದಾರಿಯ ಎರಡೂ ಬದಿಯ ಹಳ್ಳಿಗಳಲ್ಲಿ ಕಬ್ಬು ಕಡಿಯುವವರು, ಗದ್ದೆ ನಾಟಿ ಹಾಕುವವರು, ರೇಷ್ಮೆ ಹುಳಕ್ಕೆ ಸೊಪ್ಪು ಕುಯ್ಯುವವರು ಏನು ತಿಂತಾರೆ? ಬದುವಿನ ಮೇಲೆ ಕಿತ್ತ ಬೆರಕೆ ಸೊಪ್ಪಿನ ಸಾರು, ಅಣ್ಣೆ ಸೊಪ್ಪು, ಗದ್ದೆಯ ಏಡಿ, ಬೋಟಿ ಗೊಜ್ಜು, ರಕ್ತದ ಪಲ್ಯ, ತಂತಿ ಮೇಲೆ ಒಣಗಿಸಿಟ್ಟ ಬಾಡು, ಹುಳಿ ಅಂಬಲಿ. ಅದೇ ಮಣ್ಣು, ಅದೇ ನೀರು, ಅದೇ ಜಿಲ್ಲೆ. ಆದರೂ ಅದು 'ಸ್ಥಳೀಯ ಊಟ' ಅಲ್ಲ. ಯಾಕೆ?

ಉತ್ತರ ನಮ್ಮ ಭಾಷೆಯಲ್ಲೇ ಇದೆ. ಕನ್ನಡದಲ್ಲಿ ಊರು ಬೇರೆ, ಕೇರಿ ಬೇರೆ. 'ಊರೊಳಕ್ಕೆ ಹೋಗ್ಬರ್ತೀನಿ' ಅಂತಾರೆ ಕೇರಿಯವರು, ಅದೇ ಹಳ್ಳಿಯಲ್ಲಿ ಹುಟ್ಟಿದವರು, ಅದೇ ಹಳ್ಳಿಯ ಹೆಸರನ್ನು ರೇಷನ್ ಕಾರ್ಡಿನಲ್ಲಿ ಬರೆಸಿಕೊಂಡವರು. 'ಊರಂದ್ಮೇಲೆ ಹೊಲಗೇರಿ ಇರೋದೇ' ಅನ್ನೋ ಗಾದೆಯನ್ನು ಓದಿದವರೂ ಆಡುತ್ತಾರೆ. ಎಲ್ಲ ಕಡೆ ಒಂದಿಷ್ಟು ಕೊಳಕು ಇದ್ದೇ ಇರುತ್ತೆ ಅನ್ನೋದು ಅದರ ಅರ್ಥ. ಯಾವ ಕೇರಿಯನ್ನು ಗಾದೆಯಲ್ಲೇ ಕೊಳಕು ಮಾಡಿದ್ದಾರೋ ಆ ಕೇರಿಯ ಒಲೆಗೆ ಊರಿನ ರುಚಿಯಲ್ಲಿ ಪಾಲು ಎಲ್ಲಿಂದ ಬರಬೇಕು?

ರುಚಿಗೆ ಜಾತಿಯಿಲ್ಲ ಕಣ್ರಿ, ಎಲ್ಲದರಲ್ಲೂ ಜಾತಿ ಹುಡುಕ್ತೀರಿ ಅನ್ನುವವರಿದ್ದಾರೆ. ಅವರು ದಾರಿಯ ಬೋರ್ಡುಗಳನ್ನು ಓದಿಕೊಂಡು ಬರಲಿ. ಬ್ರಾಹ್ಮಣರ ಕಾಫಿ, ಅಯ್ಯಂಗಾರ್ ಬೇಕರಿ, ಲಿಂಗಾಯತ ಖಾನಾವಳಿ, ಗೌಡರ ಹೆಸರಿನ ಮುದ್ದೆ ಊಟ. ಮಿಲ್ಟ್ರಿ ಹೋಟ್ಲು ಅಂದರೂ ಅದರ ಹಿಂದೆ 'ಹಿಂದೂ' ಎಂದು ಸೇರಿಸಿದ ಬೋರ್ಡುಗಳಿವೆ. ಜಾತಿ ಹುಡುಕಿದವರು ನಾವಲ್ಲ, ಬಣ್ಣ ಬಳಿದು ರಸ್ತೆಗೆ ತೂಗುಹಾಕಿದವರು ಅವರು. ಇಷ್ಟು ಜಾತಿಗಳ ಹೆಸರು ಬಾಯಲ್ಲಿ ನೀರೂರಿಸುವಾಗ, ಹೊಲೆಯರ ಹೋಟ್ಲು, ಮಾದಿಗರ ಮೆಸ್ಸು ಅನ್ನೋ ಬೋರ್ಡು ಹೆದ್ದಾರಿಯಲ್ಲಿ ಕಾಣುತ್ತದೆಯೇ? ಕೆಲವು ಜಾತಿಯ ಹೆಸರು ರುಚಿಗೆ ಸರ್ಟಿಫಿಕೇಟು, ಕೆಲವು ಜಾತಿಯ ಹೆಸರು ಗಿರಾಕಿಯನ್ನು ಓಡಿಸುವ ದೆವ್ವ. ಇಷ್ಟು ಸಾಕಲ್ಲ, ರುಚಿಗೆ ಜಾತಿ ಇದೆಯೋ ಇಲ್ಲವೋ ಹೇಳೋದಕ್ಕೆ.

ಪ್ರವಾಸ ಎಂದರೆ ಬಾಬಾಸಾಹೇಬರ ಎರಡು ಪ್ರವಾಸಗಳನ್ನು ನೆನೆಯಬೇಕು. ಎರಡನ್ನೂ ಅವರೇ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಬರೆದಿಟ್ಟಿದ್ದಾರೆ. ಮೊದಲನೆಯದು ಸುಮಾರು 1901ರದು. ಭೀಮರಾಯ ಇನ್ನೂ ಹುಡುಗ. ತಂದೆ ಕೋರೆಗಾಂವದಲ್ಲಿ ಕ್ಯಾಷಿಯರು. ಬರಗಾಲದಲ್ಲಿ ಜನಕ್ಕೆ ಕೂಲಿ ಕೊಡಲು ಸರ್ಕಾರ ಅಲ್ಲಿ ಕೆರೆ ತೋಡಿಸುತ್ತಿತ್ತು. ಬೇಸಿಗೆ ರಜೆಗೆ ತಂದೆಯ ಹತ್ತಿರ ಹೊರಟ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು ರೈಲು ಹತ್ತಿ ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಮಹಾರರ ಮಕ್ಕಳು ಅಂತ ಗೊತ್ತಾದದ್ದೇ ತಡ, ಗಾಡಿಯವರು ಹತ್ತಿಸಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆದುಕೊಂಡು ಹೋಗಬೇಕಾಯಿತು, ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ಬುತ್ತಿ ತುಂಬ ಊಟವಿತ್ತು, ಕುಡಿಯಲು ನೀರಿರಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ ಬೇಡಿದರೂ ಸಿಗಲಿಲ್ಲ. ನೀರಿಲ್ಲದೆ ಊಟ ಇಳಿಯದೆ ಮಕ್ಕಳು ಹಸಿದೇ ಮಲಗಿದರು. ತಂದೆ ಕೆರೆ ತೋಡಿಸುವ ಕಡೆ ಲೆಕ್ಕ ಬರೆಯುತ್ತಿದ್ದಾನೆ, ಮಗನಿಗೆ ದಾರಿಯಲ್ಲಿ ಒಂದು ಗುಟುಕು ನೀರಿಲ್ಲ.

ಎರಡನೆಯದು 1934ರದು. ಆ ಹೊತ್ತಿಗೆ ಅವರು ಬ್ಯಾರಿಸ್ಟರ್, ಡಾಕ್ಟರ್, ದುಂಡುಮೇಜಿನ ಪರಿಷತ್ತಿಗೆ ಹೋಗಿಬಂದ ನಾಯಕ. ಸುಮಾರು ಮೂವತ್ತು ಜನ ಸಂಗಾತಿಗಳು ಬಸ್ಸು, ಕಾರು ಬಾಡಿಗೆಗೆ ಹಿಡಿದು ವೇರುಳದ ಬೌದ್ಧ ಗುಹೆಗಳನ್ನು ನೋಡಲು ಹೊರಟರು. ಶುದ್ಧ ಪ್ರವಾಸ, ಇವತ್ತಿನವರು ಮಾಡುವಂಥದ್ದೇ. ದಾರಿಯಲ್ಲಿ ದೌಲತಾಬಾದಿನ ಕೋಟೆ. ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನ, ನಮ್ಮ ಕಲಬುರಗಿ, ರಾಯಚೂರು, ಬೀದರ್ ಕೂಡ ಇದ್ದ ಸಂಸ್ಥಾನ. ಕೋಟೆ ಬಾಗಿಲ ಹೊರಗೆ ತುಂಬಿದ ಕೊಳ. ಧೂಳು ಮೆತ್ತಿದ ಮುಖ, ಕೈಕಾಲು ತೊಳೆದರು. ಕೊಳ ಮೈಲಿಗೆಯಾಯಿತೆಂದು ಒಬ್ಬ ಮುದುಕ ಕೂಗಿದ, ಗುಂಪು ಸೇರಿತು, ಬೈಗುಳ ಸುರಿಯಿತು. ಅಲ್ಲಿನ ಅಸ್ಪೃಶ್ಯರು ನಿಮ್ಮಿಂದ ಕೆಟ್ಟರು ಎಂಬ ಮಾತೂ ಬಂತು. ಅಸ್ಪೃಶ್ಯನೊಬ್ಬ ಮುಸಲ್ಮಾನನಾದರೆ ಆಗಲೂ ನೀರು ಮುಟ್ಟಗೊಡುವುದಿಲ್ಲವೇ ಎಂದು ಬಾಬಾಸಾಹೇಬರು ಕೇಳಿದ ಮೇಲೆ ಗುಂಪು ತಣ್ಣಗಾಯಿತು. ಕೊನೆಗೆ ಕೋಟೆ ನೋಡಲು ಬಿಟ್ಟರು, ಒಂದು ಷರತ್ತಿನ ಮೇಲೆ: ಒಳಗೆ ಎಲ್ಲೂ ನೀರು ಮುಟ್ಟಕೂಡದು. ಮುಟ್ಟದಂತೆ ನೋಡಿಕೊಳ್ಳಲು ಬಂದೂಕಿನ ಸಿಪಾಯಿಯೊಬ್ಬ ಜೊತೆಗೆ ಬಂದ.

ನೋಡಬಹುದು, ಮುಟ್ಟಬಾರದು. ದಲಿತನ ಪ್ರವಾಸದ ಇಡೀ ಚರಿತ್ರೆ ಈ ಎರಡು ಮಾತಿನಲ್ಲಿದೆ. ಮಸೂರಿನ ಗಾಡಿಯವನ ದೇವರು ಬೇರೆ, ದೌಲತಾಬಾದಿನ ಮುದುಕನ ದೇವರು ಬೇರೆ. ನೀರಿನ ವಿಷಯಕ್ಕೆ ಬಂದಾಗ ಇಬ್ಬರೂ ಒಂದೇ ಶಾಸ್ತ್ರ ಓದಿದವರ ಹಾಗೆ ನಡೆದುಕೊಂಡರು. ಈ ನೆಲದಲ್ಲಿ ಜಾತಿಗೆ ಧರ್ಮದ ಗಡಿಯೂ ಇಲ್ಲ.

ಇಂಥದೇ ಚರಿತ್ರೆ ಅಮೆರಿಕದ ಕರಿಯರಿಗೂ ಇದೆ. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ವಾಸವಿದ್ದ, ಟಪಾಲು ಹಂಚುವ ಕೆಲಸದ ವಿಕ್ಟರ್ ಹ್ಯೂಗೊ ಗ್ರೀನ್ ಎಂಬಾತ 1936ರಲ್ಲಿ ಒಂದು ಪುಸ್ತಕ ಹೊರಡಿಸಿದ. ಕಾರಿನಲ್ಲಿ ಹೊರಟ ಕರಿಯ ಮನುಷ್ಯನಿಗೆ ಯಾವ ಊರಿನ ಯಾವ ಹೋಟೆಲು ಊಟ ಕೊಡುತ್ತೆ, ಎಲ್ಲಿ ರಾತ್ರಿ ಮಲಗಬಹುದು, ಎಲ್ಲಿ ಪೆಟ್ರೋಲು ಸಿಗುತ್ತೆ ಅನ್ನೋ ಪಟ್ಟಿ. ಇಂಥ ಪುಸ್ತಕ ಬೇಕಿಲ್ಲದ ದಿನ ಬರಲಿ ಎಂಬುದೇ ಆ ಪುಸ್ತಕದವರ ಆಸೆಯಾಗಿತ್ತು. ಹೋಟೆಲುಗಳಲ್ಲಿ ವರ್ಣಭೇದ ಕೂಡದೆಂಬ ಕಾನೂನು 1964ರಲ್ಲಿ ಬಂತು, ಸ್ವಲ್ಪ ಕಾಲದಲ್ಲೇ ಪುಸ್ತಕವೂ ನಿಂತಿತು. ಅಲ್ಲಿಯವರೆಗೆ ಕರಿಯ ತಾಯಂದಿರು ಷೂ ಡಬ್ಬಿಯಲ್ಲಿ ಊಟ ತುಂಬಿಕೊಂಡೇ ದೂರದ ದಾರಿ ಹೊರಡುತ್ತಿದ್ದರು. ನಮ್ಮ ತಾಯಂದಿರು ಬಟ್ಟೆಯ ಗಂಟಿನಲ್ಲಿ ರೊಟ್ಟಿ, ಹುರಿಗಡಲೆ ಚಟ್ನಿ ಕಟ್ಟಿಕೊಂಡು ಹೊರಡುತ್ತಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ತಮ್ಮ ಸಂಘಟನೆಗೆ ದಲಿತ್ ಪ್ಯಾಂಥರ್ಸ್ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎರಡೂ ಬುತ್ತಿಗಳಿಗೆ ನೆಂಟಸ್ತನವಿದೆ.

ಬುತ್ತಿ ಅಂದರೆ ಮನೆಯ ಪ್ರೀತಿ ಅಂತ ಮೇಲಿನವರು ಹಾಡುತ್ತಾರೆ. ಇರಬಹುದು. ಮಡಿಯವನು ಬುತ್ತಿ ಕಟ್ಟುವುದು ಇನ್ನೊಬ್ಬರ ಅನ್ನ ತನಗೆ ಆಗದು ಅಂತ. ಕೇರಿಯವನು ಬುತ್ತಿ ಕಟ್ಟಿದ್ದು ತಾನು ಇನ್ನೊಬ್ಬರ ಬೆಂಚಿಗೆ ಆಗದವನು ಅಂತ. ಗಂಟು ಎರಡೂ ಒಂದೇ ಥರ ಕಾಣುತ್ತೆ. ಒಳಗಿರೋದು ಒಂದರಲ್ಲಿ ಅಹಂಕಾರ, ಇನ್ನೊಂದರಲ್ಲಿ ಅಂಜಿಕೆ.

ಈಗ ಅದೆಲ್ಲ ಎಲ್ಲಿದೆ, ಸಂವಿಧಾನ ಬಂತಲ್ಲ ಅಂತೀರಿ. ಬಂತು. ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವಕ್ಕೆ ಯಾರನ್ನೂ ಜಾತಿಯಿಂದ ತಡೆಯಕೂಡದು ಅನ್ನುತ್ತದೆ 15ನೇ ವಿಧಿ. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. 1955ರಲ್ಲಿ ಕಾಯ್ದೆ ಬಂತು, 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣೆ ಎಂಬ ಹೆಸರಾಯಿತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ. ಇಷ್ಟು ಕಾಯ್ದೆ ಬಂದ ಮೇಲೂ ಹಳ್ಳಿ ಟೀ ಅಂಗಡಿಗಳಲ್ಲಿ ನಮಗೆ ತೆಂಗಿನ ಚಿಪ್ಪು, ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟ. ಆಮೇಲೆ ಲೋಟದ ಜಾಗಕ್ಕೆ ಪ್ಲಾಸ್ಟಿಕ್ ಕಪ್ಪು ಬಂತು. ಎಲ್ಲರಿಗೂ ಅದೇ ಕಪ್ಪು ಕೊಟ್ಟು ಎಸೆದರೆ ಯಾರ ಎಂಜಲನ್ನೂ ತೊಳೆಯಬೇಕಿಲ್ಲ. ಹೆದ್ದಾರಿ ಹೋಟೆಲಿನಲ್ಲಿ ಯಾರೂ ಜಾತಿ ಕೇಳಲ್ಲ, ನಿಜ. ದುಡ್ಡು ಕೇಳ್ತಾರೆ. ಹೆದ್ದಾರಿಯಿಂದ ಎರಡು ಮೈಲಿ ಒಳಕ್ಕೆ ಹೋಗಿ ಜಗಲಿ ಮೇಲೆ ಕೂತು ನೀರು ಕೇಳಿ ನೋಡಿ. 'ಯಾವೂರು ಸಾಮಿ? ಯಾವ ಜನ?' ನೀರಿಗಿಂತ ಮುಂಚೆ ಪ್ರಶ್ನೆ ಬರುತ್ತೆ.

ಇನ್ನು ನೋಡುವ ಸ್ಥಳಗಳು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಜಗತ್ತಿನ ಎಲ್ಲ ಮನುಷ್ಯರ ಆಸ್ತಿ ಎಂದಾಯಿತು. ಸಂತೋಷ. ಆದರೆ ನೆನಪಿರಲಿ, ಬೇಲೂರಿನ ಗುಡಿಗೂ ಮೇಲುಕೋಟೆಯ ಗುಡಿಗೂ ನಮ್ಮವರು ವರ್ಷದಲ್ಲಿ ಗೊತ್ತುಮಾಡಿದ ಕೆಲವು ದಿನ ಮಾತ್ರ ಒಳಗೆ ಹೋಗಬಹುದಿತ್ತು ಎಂದು ಬ್ರಿಟಿಷರ ಕಾಲದ ದಾಖಲೆಗಳು ಹೇಳುತ್ತವೆ. ಮೇಲುಕೋಟೆಯಲ್ಲಿ ಮೂರು ದಿನ. ರಾಮಾನುಜರು ಕೊಟ್ಟ ಹಕ್ಕು, ತಿರುಕುಲದವರು ಎಂಬ ಬಿರುದು ಬೇರೆ. ಇದನ್ನು ಔದಾರ್ಯ ಅಂತ ಗೈಡುಗಳು ವರ್ಣಿಸುತ್ತಾರೆ. ಮೂರು ದಿನವನ್ನು ಎಣಿಸುವವರು ಮಿಕ್ಕ ಮುನ್ನೂರ ಅರವತ್ತೆರಡನ್ನು ಯಾಕೆ ಎಣಿಸುವುದಿಲ್ಲ? ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ವಿಗ್ರಹಗಳ ಕೆಳಗೆ ತನ್ನ ಹೆಸರು ಕೆತ್ತಿದ್ದಾನೆ. ಒಳ್ಳೆಯದು, ದುಡಿದವನ ಹೆಸರು ಉಳಿಯಬೇಕು. ಬಂಡೆ ಸೀಳಿದವರ, ಕಲ್ಲು ಎಳೆದವರ, ಅವರಿಗೆ ಅಂಬಲಿ ಕಾಯಿಸಿದ ಹೆಂಗಸರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ಹಾಗಾದರೆ ವಡೆ ತಿಂದವನು ಪಾಪಿಯೇ? ಅಲ್ಲ. ಪಾಪ ಪುಣ್ಯದ ಲೆಕ್ಕ ಪುರೋಹಿತನಿಗಿರಲಿ, ನಮ್ಮದು ಹೊಣೆಯ ಲೆಕ್ಕ. ಪಾಪ ತೊಳೆಯಲು ನದಿಯಲ್ಲಿ ಮುಳುಗಿದರೆ ಆಯಿತು. ಹೊಣೆ ಹಾಗೆ ತೊಳೆದುಹೋಗಲ್ಲ. 'ನಾನು ಈ ಸೀಮೆಯ ಊಟ ಉಂಡೆ' ಎಂದು ಹೇಳಿಕೊಳ್ಳುವವನ ಮೇಲೆ, ಆ ಸೀಮೆಯ ಎಷ್ಟು ಜನರನ್ನು ಬಿಟ್ಟು ಉಂಡೆ ಎಂದು ತಿಳಿಯುವ ಹೊಣೆ ಬರುತ್ತದೆ. ಯಾಕೆಂದರೆ ಅವನ ನಾಲಗೆಯೇ ನಾಳೆ ಸಾಕ್ಷಿ ಹೇಳುತ್ತದೆ, ಈ ನಾಡಿನ ಊಟ ಇದು, ಇದಲ್ಲ ಎಂದು.

ಆ ಸಾಕ್ಷಿ ಎಷ್ಟು ದೂರ ಹೋಗುತ್ತದೆಂದು ಮಂಡ್ಯದಲ್ಲಿ ನೋಡಿದೆವು. 2024ರ ಡಿಸೆಂಬರಿನಲ್ಲಿ ಅಲ್ಲಿ 87ನೇ ಸಾಹಿತ್ಯ ಸಮ್ಮೇಳನ. ಮಳಿಗೆಗಳ ನಿಯಮದಲ್ಲಿ ಮಾಂಸದೂಟವನ್ನು ಮದ್ಯ, ತಂಬಾಕಿನ ಸಾಲಿನಲ್ಲಿ ನಿಲ್ಲಿಸಿ ನಿಷೇಧ ಎಂದು ಬರೆದರು. ಬಾಡೂಟಕ್ಕೆ ಹೆಸರಾದ ಜಿಲ್ಲೆಯಲ್ಲಿ, ಕನ್ನಡದ ಹಬ್ಬದಲ್ಲಿ, ಕನ್ನಡಿಗರ ಊಟ ಚಟವಾಯಿತು! ಬಾಡೂಟ ಬೇಕೆಂದು ಸಂಘಟನೆಗಳು ಬೀದಿಗಿಳಿಯಬೇಕಾಯಿತು. ಕೋಳಿ ಕುರಿಗೇ ಹೀಗಾದರೆ ದನದ ಬಾಡಿನ ಮಾತೇನು? 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾಯ್ದೆ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಮಿಕ್ಕ ಜಾನುವಾರಿನ ವಧೆಯನ್ನೆಲ್ಲ ಅಪರಾಧ ಮಾಡಿತು. ಸತ್ತ ದನ ಹೊರುವುದು ಶತಮಾನಗಳ ಕಾಲ ನಮಗೆ ಧರ್ಮ, ಹಸಿದು ತಿಂದರೆ ಅಪರಾಧ.

ಇದರ ಇನ್ನೊಂದು ಮುಖವೂ ಇದೆ. ರಾಗಿ, ನವಣೆ, ಸಾಮೆ, ಹಾರಕವನ್ನು ಬಡವರು ತಿನ್ನುವಾಗ ಅವಕ್ಕೆ ತೃಣಧಾನ್ಯ ಎಂದು ಹೆಸರು. ತೃಣ ಅಂದ್ರೆ ಹುಲ್ಲು. ಸಕ್ಕರೆ ಕಾಯಿಲೆಯ ಉಳ್ಳವರು ತಿನ್ನತೊಡಗಿದ ಮೇಲೆ ಸಿರಿಧಾನ್ಯ. 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷವೂ ಆಯಿತು. ಧಾನ್ಯಕ್ಕೆ ಸಿರಿ ಬಂತು, ತಲೆತಲಾಂತರ ಅದನ್ನೇ ತಿಂದು ಬೀಜ ಉಳಿಸಿದವರಿಗೆ ಬಂದದ್ದೇನು? ನಾಳೆ ನಮ್ಮ ಬೋಟಿ ಗೊಜ್ಜಿಗೂ, ಒಣಬಾಡಿಗೂ ಇದೇ ಗತಿ ಬರಬಹುದು. 'ಕೇರಿಯ ಅಪ್ಪಟ ರುಚಿ' ಅಂತ ನಗರದ ಹೋಟೆಲಿನಲ್ಲಿ ತಟ್ಟೆಗೆ ನಾನೂರು ರೂಪಾಯಿ ಹಾಕಬಹುದು. ಅದಕ್ಕೆ ಕುಣಿಯಬೇಕೇ? ಮರಾಠಿಯಲ್ಲಿ ಶಾಹು ಪಾಟೋಳೆ ಮರಾಠವಾಡದ ಮಹಾರ್, ಮಾಂಗ್ ಜನರ ಅಡುಗೆಯನ್ನು 2015ರಲ್ಲಿ ಪುಸ್ತಕ ಮಾಡಿದರು. ಅದು ರುಚಿಯ ಜಾಹೀರಾತಲ್ಲ, ಹಸಿವಿನ ಲೆಕ್ಕಪುಸ್ತಕ. ಅಡುಗೆಯ ಜೊತೆ ಅದನ್ನು ಮಾಡಿದ ಕಾರಣವೂ ಬಂದರೆ ಅದು ಚರಿತ್ರೆ. ಕಾರಣ ಬಿಟ್ಟು ಖಾರ ಮಾತ್ರ ಹೋದರೆ ಅದು ಮತ್ತೊಂದು ಸುಲಿಗೆ.

ಇದಕ್ಕೆ ದಾರಿ ಏನು? ಗಿರಾಕಿಯಾಗಿ ಬರುವುದಕ್ಕೂ ನೆಂಟನಾಗಿ ಬರುವುದಕ್ಕೂ ವ್ಯತ್ಯಾಸವಿದೆ. ಗಿರಾಕಿ ರುಚಿ ನೋಡುತ್ತಾನೆ, ದುಡ್ಡು ಕೊಡುತ್ತಾನೆ, ಹೋಗುತ್ತಾನೆ. ನೆಂಟನಾದವನು ಪಕ್ಕದಲ್ಲಿ ಕೂತು ಉಣ್ಣುತ್ತಾನೆ, ತಾನೂ ಕರೆಯುತ್ತಾನೆ, ಕರೆದಾಗ ಒಳಮನೆಯಲ್ಲಿ ಕೂರಿಸುತ್ತಾನೆ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಈಳವರ ಮನೆಯಲ್ಲಿ ಹುಟ್ಟಿದ ಅಯ್ಯಪ್ಪನ್ ಎಂಬ ತರುಣ ಪುಲಯರ ಜೊತೆ ಕೂತು ಉಂಡ. ಸ್ವಂತ ಜಾತಿಯವರೇ ಹೊರಗಿಟ್ಟರು, ಪುಲಯನ್ ಅಯ್ಯಪ್ಪನ್ ಎಂದು ಹಂಗಿಸಿದರು. ಆತ ಆ ಹೆಸರಿಗೆ ನಾಚಲಿಲ್ಲ. ಆಮೇಲೆ ಜನ ಸಹೋದರನ್ ಅಯ್ಯಪ್ಪನ್ ಅಂದರು. ಆತ ದೂರದ ಊರಿಗೇನೂ ಹೋಗಿರಲಿಲ್ಲ.

ಗೆಳೆಯರೇ, ಹೋಗಿ ಬನ್ನಿ. ವಡೆಯನ್ನೂ ತಿನ್ನಿ, ಪುಳಿಯೋಗರೆಯನ್ನೂ ತಿನ್ನಿ, ಬೇಲೂರನ್ನೂ ನೋಡಿ. ಆದರೆ ಪ್ರತಿ ಊರಲ್ಲೂ ಮೂರು ಪ್ರಶ್ನೆ ಕೇಳಿ. ಈ ಊಟ ಮಾಡುವವರು ಯಾರು? ಇದನ್ನು ತಿನ್ನಲು ಯಾರನ್ನು ಒಳಗೆ ಬಿಟ್ಟಿರಲಿಲ್ಲ? ಈ ಊರಿನ ಕೇರಿ ಯಾವ ಕಡೆ ಇದೆ? ಮೂರನೆಯ ಪ್ರಶ್ನೆ ಕೇಳಿದ ಕೂಡಲೇ ಹೇಳುವವರ ಮುಖ ಬದಲಾಗುತ್ತದೆ. ಆ ಬದಲಾದ ಮುಖವೂ ಆ ಊರಿನ ನೋಡತಕ್ಕ ಸ್ಥಳವೇ. ಅದನ್ನು ನೋಡಿಕೊಂಡು, ಅವರು ತೋರಿಸಿದ ಕಡೆಗೆ ನಡೆಯಿರಿ. ಅಲ್ಲಿ ಒಂದು ಚೊಂಬು ನೀರು ಕೇಳಿ ಕುಡಿಯಿರಿ.